ಬಾಚಣಿಗೆಗೆ ಗಂಡು ಹೆಣ್ಣೆಂಬ ಭೇದವಿಲ್ಲ

(ಕನ್ನಡ ವಿಭಾಗ: ಮಕ್ಕಳೂ ಪೋಷಕರೂ ಒಟ್ಟಿಗೆ ಕುಳಿತು ಓದಬೇಕಾದ ಪಾಠ)



'ಉದ್ಯೋಗಂ ಪುರುಷ ಲಕ್ಷಣಂ' ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ದುಡಿದು ಉಣ್ಣುವುದೇ ಗಂಡಸಿಗೆ ಭೂಷಣ ಎಂದು ಅದರ ಅರ್ಥ. ಇಂದು ಅದು ಹೆಂಗಸಿಗೂ ಅಷ್ಟೇ ಸಲ್ಲುವ ಮಾತು. ಇಂಥದೇ ಉದ್ಯೋಗ ಆಗಬೇಕೆಂದು ಆ ಮಾತು ಎಲ್ಲಿಯೂ ಹೇಳಿಲ್ಲ. ಹೇಳುವವರು ನಾವು. ಹುಡುಗ 'ಎಂಜಿನಿಯರ್ ಆಗುತ್ತೇನೆ' ಎಂದರೆ ಬೆನ್ನು ತಟ್ಟುತ್ತೇವೆ. ಅದೇ ಹುಡುಗ 'ಕೇಶ ವಿನ್ಯಾಸ ಕಲಿಯುತ್ತೇನೆ, ಮದುಮಗಳಿಗೆ ಮೇಕಪ್ ಮಾಡುತ್ತೇನೆ' ಎಂದರೆ ಒಂದು ಕ್ಷಣ ಮೌನವಾಗುತ್ತೇವೆ, ಆಮೇಲೆ ನಗುತ್ತೇವೆ.

ಪ್ರತಿ ವರ್ಷ ನಮ್ಮ ತರಗತಿಗಳಲ್ಲಿ 'ನನ್ನ ಜೀವನದ ಗುರಿ' ಎಂಬ ಪ್ರಬಂಧ ಬರೆಸುತ್ತೇವೆ. ಡಾಕ್ಟರು, ಪೈಲಟ್, ಸಾಫ್ಟ್‌ವೇರ್ ಎಂಜಿನಿಯರ್, ಕ್ರಿಕೆಟ್ ಆಟಗಾರ ಎಲ್ಲರೂ ಬರುತ್ತಾರೆ. ಒಮ್ಮೆ ಒಬ್ಬ ಹುಡುಗ ಸಿನಿಮಾಕ್ಕೆ ಮೇಕಪ್ ಮಾಡುವ ಆಸೆಯನ್ನು ಒಂದು ಪುಟ ತುಂಬ ಚೆನ್ನಾಗಿ ಬರೆದಿದ್ದ. ಕೊನೆಯಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ, 'ದಯವಿಟ್ಟು ಇದನ್ನು ತರಗತಿಯಲ್ಲಿ ಓದಬೇಡಿ' ಎಂದು ಸೇರಿಸಿದ್ದ. ಒಳ್ಳೆಯ ಆಸೆಯನ್ನು ಒಂದು ಮಗು ಏಕೆ ಮುಚ್ಚಿಡಬೇಕು? ಈ ಪ್ರಶ್ನೆಯೇ ಇಂದಿನ ಪಾಠ.

ಮೊದಲು ಕೆಲವು ಪದಗಳು

ಸಿಂಗಾರ: ಸಂಸ್ಕೃತದ 'ಶೃಂಗಾರ' ಪದದ ತದ್ಭವ.
ಪ್ರಸಾಧನ: ಅಲಂಕಾರ ಮಾಡುವುದು. ಮೇಕಪ್ ಎಂಬುದಕ್ಕೆ ಕನ್ನಡದಲ್ಲಿ ಬಳಸುವ ಪದ. 'ವರ್ಣಾಲಂಕಾರ' ಎಂದೂ ಹೇಳುತ್ತೇವೆ.
ಸೈರಂಧ್ರಿ: ರಾಣಿವಾಸದಲ್ಲಿ ತಲೆ ಬಾಚಿ ಸಿಂಗರಿಸುವ ಕೆಲಸದವಳು. ಮಹಾಭಾರತದಲ್ಲಿ ದ್ರೌಪದಿ ಅಜ್ಞಾತವಾಸದ ವರ್ಷವನ್ನು ವಿರಾಟನ ಅರಮನೆಯಲ್ಲಿ ಈ ಹೆಸರಿನಿಂದ ಕಳೆದಳು.
ಹಡಪ: ಎಲೆ ಅಡಿಕೆಯ ಚೀಲ. ಕ್ಷೌರದ ಉಪಕರಣಗಳನ್ನಿಡುವ ಚೀಲಕ್ಕೂ ಇದೇ ಹೆಸರು.

ಇನ್ನೊಂದು ನುಡಿಗಟ್ಟು ಇದೆ. ಹೇಡಿತನ ತೋರಿದ ಗಂಡಸಿಗೆ 'ಕೈಗೆ ಬಳೆ ತೊಟ್ಟುಕೊಂಡಿದ್ದೀಯಾ?' ಎಂದು ಮೂದಲಿಸುತ್ತಾರೆ. ಆದರೆ ಅದೇ ವಿರಾಟನ ಅರಮನೆಯಲ್ಲಿ ಬಳೆ ತೊಟ್ಟು, ಜಡೆ ಹಾಕಿಕೊಂಡು, ರಾಜಕುಮಾರಿಗೆ ನಾಟ್ಯ ಕಲಿಸಿದ ಬೃಹನ್ನಳೆ ಯಾರು? ಅರ್ಜುನ. ಗೋಗ್ರಹಣದ ದಿನ ಗಾಂಡೀವ ಹಿಡಿದದ್ದೂ ಅದೇ ಕೈ. ಬಳೆಯಿಂದ ಶೌರ್ಯ ಕರಗಲಿಲ್ಲ. ಮೂದಲಿಕೆಯನ್ನು ಬಾಯಿಗೆ ತರುವ ಮುನ್ನ ಈ ಕಥೆಯನ್ನು ನೆನೆಯೋಣ.

ನಮ್ಮ ನಾಡಿಗೆ ಇದು ಹೊಸದಲ್ಲ

ಹೆಂಗಸರ ಸಿಂಗಾರವೆಂದರೆ ಹೆಂಗಸರದೇ ಕೆಲಸ ಎಂದು ನಾವು ತಿಳಿದಿದ್ದೇವೆ. ನಮ್ಮ ಹಳ್ಳಿಗಳು ಹಾಗೆ ತಿಳಿದಿರಲಿಲ್ಲ. ಬಳೆಗಾರನನ್ನು ನೆನಪಿಸಿಕೊಳ್ಳಿ. ಮಲಾರ ಹೊತ್ತು ಊರೂರು ತಿರುಗಿ, ಹೆಣ್ಣುಮಕ್ಕಳ ಕೈಯನ್ನು ನೋವಾಗದಂತೆ ಹಿಡಿದು, ಒಂದು ಬಳೆಯೂ ಒಡೆಯದಂತೆ ತೊಡಿಸುತ್ತಿದ್ದವನು ಅವನು. ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಅವನ ಮುಂದೆ ನಿಶ್ಚಿಂತೆಯಿಂದ ಕೈ ಚಾಚುತ್ತಿದ್ದರು. ತವರಿನ ಸುದ್ದಿಯನ್ನೂ ಅವನೇ ತರುತ್ತಿದ್ದ. ಕನ್ನಡದ ಜನಪದ ಹಾಡುಗಳಲ್ಲೂ ಕವಿತೆಗಳಲ್ಲೂ ಅವನಿಗೆ ಪ್ರೀತಿಯ ಸ್ಥಾನವಿದೆ. ಸೀರೆ ನೇಯುವ ನೇಕಾರ, ಓಲೆ ಮಾಡುವ ಅಕ್ಕಸಾಲಿಗ, ಮಾಲೆ ಕಟ್ಟುವ ಹೂವಾಡಿಗ, ಇವರಲ್ಲೂ ಗಂಡಸರೇ ಹೆಚ್ಚು. ಯಾರೂ ಅವರನ್ನು ನೋಡಿ ನಗಲಿಲ್ಲ.

ನಮ್ಮಲ್ಲಿ ಅನೇಕ ಕುಟುಂಬಗಳು ಕರಾವಳಿಯಿಂದ ಬಂದಿರುವುದರಿಂದ ಯಕ್ಷಗಾನದ ಚೌಕಿಯನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಕಲಾವಿದರು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಾರೆ. ಹಿಂದೆ ಹಳದಿಗೆ ಅರದಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ ಬಳಸುತ್ತಿದ್ದರು. ತೆಂಕುತಿಟ್ಟಿನ ಬಣ್ಣದ ವೇಷಧಾರಿ ಅಕ್ಕಿಹಿಟ್ಟು ಮತ್ತು ಸುಣ್ಣದ ಚಿಟ್ಟಿಗಳನ್ನು ಒಂದೊಂದಾಗಿ ಮುಖದ ಮೇಲಿಡುತ್ತಾ ಗಂಟೆಗಟ್ಟಲೆ ಕನ್ನಡಿಯ ಮುಂದೆ ಕೂರುತ್ತಾನೆ. ಸ್ತ್ರೀವೇಷಧಾರಿ ಹುಬ್ಬು ತಿದ್ದಿ, ಕಣ್ಣಿಗೆ ಕಾಡಿಗೆ ಎಳೆದು, ಜಡೆ ಕಟ್ಟಿ ಬಂದರೆ ಊರಿಗೆ ಊರೇ ಮೆಚ್ಚುತ್ತದೆ. ರಂಗದ ಮೇಲೆ ಮೆಚ್ಚಿದ್ದನ್ನು ಅಂಗಡಿಯಲ್ಲಿ ಕಂಡಾಗ ಏಕೆ ಹೀನವೆನ್ನಬೇಕು?

ಕೀಳೆಂಬ ಭಾವನೆ ಎಲ್ಲಿಂದ ಬಂತು?

ಇದಕ್ಕೆ ಎರಡು ಬೇರುಗಳಿವೆ. ಮೊದಲನೆಯದು ಜಾತಿ. ಕೂದಲು ಕತ್ತರಿಸುವ ಕೆಲಸವನ್ನು ನಮ್ಮ ಸಮಾಜ ಒಂದು ಸಮುದಾಯದ ಮೇಲೆ ಹೊರಿಸಿತು. ಅವರ ಸೇವೆ ಇಲ್ಲದೆ ಮದುವೆಯೂ ನಡೆಯುತ್ತಿರಲಿಲ್ಲ, ಉತ್ತರಕ್ರಿಯೆಯೂ ನಡೆಯುತ್ತಿರಲಿಲ್ಲ. ಓಲಗ ಊದುವವರು ಅವರು. ಅನೇಕ ಊರುಗಳಲ್ಲಿ ಹುಣ್ಣಿಗೆ ಮದ್ದು ಹಚ್ಚುವವರು, ಸೂಲಗಿತ್ತಿಯರಾಗಿ ಹೆರಿಗೆ ಮಾಡಿಸುವವರು ಕೂಡ ಅವರೇ. ಆದರೂ ಆ ವೃತ್ತಿಯ ಹೆಸರನ್ನೇ ಬೈಗುಳ ಮಾಡಿಕೊಂಡೆವು. 12ನೇ ಶತಮಾನದಲ್ಲಿ ಬಸವಣ್ಣನವರ ಆಪ್ತರಾಗಿದ್ದ ಹಡಪದ ಅಪ್ಪಣ್ಣ ವಚನಕಾರರು. ಅವರ ಪತ್ನಿ ಲಿಂಗಮ್ಮನವರೂ ವಚನಕಾರ್ತಿ. ಯಾವ ಕಾಯಕವೂ ಮೇಲಲ್ಲ, ಯಾವುದೂ ಕೀಳಲ್ಲ ಎಂದು ಶರಣರು ಕಲಿಸಿ ಒಂಬತ್ತು ಶತಮಾನಗಳಾಗುತ್ತಾ ಬಂದವು. ಪಾಠ ಇನ್ನೂ ಮುಗಿದಿಲ್ಲ.

ಹೊರಗಿನ ದೇಶಗಳ ಚರಿತ್ರೆಯನ್ನೂ ನೋಡಿ. ಇಂಗ್ಲೆಂಡಿನಲ್ಲಿ 1540ರಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ ಕ್ಷೌರಿಕರನ್ನೂ ಶಸ್ತ್ರವೈದ್ಯರನ್ನೂ ಒಂದೇ ಸಂಘದಲ್ಲಿ ಸೇರಿಸಲಾಯಿತು. ಅವರು ಬೇರೆಯಾದದ್ದು 1745ರಲ್ಲಿ. ಇನ್ನೂರು ವರ್ಷ ಒಂದೇ ಸೂರಿನಡಿ ಇದ್ದವರಲ್ಲಿ ಇಂದು ಒಬ್ಬರಿಗೆ ಕೈ ಮುಗಿಯುತ್ತೇವೆ, ಇನ್ನೊಬ್ಬರ ಹೆಸರನ್ನೂ ಕೇಳುವುದಿಲ್ಲ.

ಎರಡನೆಯ ಬೇರು, ಗಂಡು ಕೆಲಸ, ಹೆಣ್ಣು ಕೆಲಸ ಎಂಬ ವಿಂಗಡಣೆ. ಇದು ಎಷ್ಟು ಗಟ್ಟಿಯಾದದ್ದು ಎಂದು ಪರೀಕ್ಷಿಸಲು ನಮ್ಮ ಚಿತ್ರರಂಗವೇ ಸಾಕು.

ಅದೇ ಕುಂಚ, ಎರಡು ನ್ಯಾಯ

ಪಟ್ಟಣದ ಬ್ಯೂಟಿ ಪಾರ್ಲರಿನಲ್ಲಿ ಮೇಕಪ್ ಎಂದರೆ ಹೆಂಗಸರ ಕೆಲಸ. ಅಲ್ಲಿ ಗಂಡಸು ಕುಂಚ ಹಿಡಿದರೆ ಹುಬ್ಬೇರುತ್ತದೆ. ಆದರೆ ಮುಂಬಯಿಯ ಹಿಂದಿ ಚಿತ್ರರಂಗದಲ್ಲಿ ಐದು ದಶಕಗಳಿಗೂ ಹೆಚ್ಚು ಕಾಲ ಇದಕ್ಕೆ ತದ್ವಿರುದ್ಧವಾದ ನಿಯಮವಿತ್ತು. ಮೇಕಪ್ ಮಾಡುವ ಹಕ್ಕು ಗಂಡಸರಿಗೆ ಮಾತ್ರ. ಹೆಂಗಸರು ಕೂದಲು ಬಾಚಬಹುದಿತ್ತು, ಮುಖಕ್ಕೆ ಬಣ್ಣ ಹಚ್ಚುವಂತಿರಲಿಲ್ಲ. ತರಬೇತಿ ಪಡೆದಿದ್ದ ಚಾರು ಖುರಾನಾ ಮತ್ತು ಇತರ ಮಹಿಳೆಯರು ಸುಪ್ರೀಂ ಕೋರ್ಟಿಗೆ ಹೋದರು. 2014ರ ನವೆಂಬರ್ 10ರಂದು ನ್ಯಾಯಾಲಯ ಆ ನಿಯಮ ಸಂವಿಧಾನಕ್ಕೆ ವಿರುದ್ಧವೆಂದು ಹೇಳಿ ತೆಗೆಸಿತು.

ಮಕ್ಕಳೇ, ಇಲ್ಲಿ ಸ್ವಲ್ಪ ಯೋಚಿಸಿ. ಕುಂಚ ಒಂದೇ, ಬಣ್ಣ ಒಂದೇ, ಮುಖವೂ ಒಂದೇ. ಬೀದಿಯ ಈಚೆ ಅದು 'ಹೆಣ್ಣು ಕೆಲಸ', ಸ್ಟುಡಿಯೋದ ಬಾಗಿಲು ದಾಟಿದರೆ 'ಗಂಡು ಕೆಲಸ'. ಹಾಗಾದರೆ ಕೆಲಸಕ್ಕೆ ಲಿಂಗವಿದೆ ಎಂಬುದು ರೂಢಿಯೇ ಹೊರತು ಪ್ರಕೃತಿಯ ನಿಯಮವಲ್ಲ. ಹುಡುಗಿಯರಿಗೆ ಆ ಬಾಗಿಲು ತೆರೆದ ನ್ಯಾಯವೇ ಹುಡುಗರಿಗೆ ಈ ಬಾಗಿಲನ್ನೂ ತೆರೆಯಬೇಕು.

ಕನ್ನಡಿಗರು ಹೆಮ್ಮೆಪಡುವ ಎರಡು ಸಂಗತಿಗಳು ಇಲ್ಲಿವೆ. 2014ನೇ ಸಾಲಿನ ರಾಷ್ಟ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ಮೇಕಪ್ ಪ್ರಶಸ್ತಿ 'ನಾನು ಅವನಲ್ಲ ಅವಳು' ಚಿತ್ರಕ್ಕಾಗಿ ನಾಗರಾಜು ಮತ್ತು ರಾಜು ಅವರಿಗೆ ಬಂತು. ಅದೇ ಚಿತ್ರಕ್ಕೆ ಸಂಚಾರಿ ವಿಜಯ್ ಶ್ರೇಷ್ಠ ನಟರಾದರು. 2016ನೇ ಸಾಲಿನಲ್ಲಿ 'ಅಲ್ಲಮ' ಚಿತ್ರಕ್ಕಾಗಿ ಎನ್. ಕೆ. ರಾಮಕೃಷ್ಣ ಅವರಿಗೆ ಅದೇ ಮೇಕಪ್ ಪ್ರಶಸ್ತಿ ಬಂತು. ನಟನ ಹೆಸರು ಎಲ್ಲರಿಗೂ ನೆನಪಿರುತ್ತದೆ. ಮುಖವನ್ನು ಮುಖವಾಗಿಸಿದ ಕೈಯ ಹೆಸರನ್ನೂ ಕಲಿಯೋಣ.

ಲಂಡನ್ನಿನ ಒಬ್ಬ ಹುಡುಗ

ಹೆಂಗಸರ ಕೇಶ ವಿನ್ಯಾಸದಲ್ಲಿ ಜಗತ್ತಿಗೇ ಗೊತ್ತಿರುವ ಹೆಸರು ವಿಡಾಲ್ ಸಸೂನ್. ಹುಟ್ಟಿದ್ದು 1928ರಲ್ಲಿ, ಲಂಡನ್ನಿನಲ್ಲಿ. ತಂದೆ ಬಿಟ್ಟುಹೋದ. ಸಾಕಲಾಗದ ತಾಯಿ ಮಗನನ್ನು ಅನಾಥಾಲಯದಲ್ಲಿ ಬಿಡಬೇಕಾಯಿತು. 14ನೇ ವಯಸ್ಸಿನಲ್ಲಿ ತಾಯಿಯೇ ಅವನನ್ನು ಬಡವರ ಬಡಾವಣೆಯ ಒಂದು ಸಲೂನಿಗೆ ಕೆಲಸ ಕಲಿಯಲು ಸೇರಿಸಿದಳು. ಹುಡುಗನಿಗೆ ಫುಟ್‌ಬಾಲಿನ ಹುಚ್ಚು, ಈ ಕೆಲಸದಲ್ಲಿ ಮನಸ್ಸಿರಲಿಲ್ಲ. ಗಿರಾಕಿಗಳ ತಲೆ ತೊಳೆಯುವುದರಿಂದ ಅವನ ಕಲಿಕೆ ಆರಂಭವಾಯಿತು. ದೊಡ್ಡ ಸಲೂನುಗಳು ಅವನ ಉಚ್ಚಾರಣೆ ಕೇಳಿ ಕೆಲಸ ಕೊಡದಿದ್ದಾಗ ಮಾತಿನ ಪಾಠಕ್ಕೂ ಹೋದ. 1954ರಲ್ಲಿ ಬಾಂಡ್ ಸ್ಟ್ರೀಟಿನಲ್ಲಿ ಸ್ವಂತ ಸಲೂನ್ ತೆರೆದ.

ಆ ಕಾಲದಲ್ಲಿ ಅಲ್ಲಿನ ಅನೇಕ ಹೆಂಗಸರು ವಾರಕ್ಕೊಮ್ಮೆ ಸಲೂನಿಗೆ ಹೋಗಿ, ಸುರುಳಿಗಳನ್ನು ಸುತ್ತಿಸಿ, ಬಿಸಿಗಾಳಿಯ ಯಂತ್ರದ ಕೆಳಗೆ ಕುಳಿತು ಕೂದಲು ಕೂರಿಸಿಕೊಳ್ಳಬೇಕಿತ್ತು. ಕಟ್ಟಡ ಶಿಲ್ಪದಲ್ಲಿ ಆಸಕ್ತಿಯಿದ್ದ ಸಸೂನ್, ಮುಖದ ಮೂಳೆಗಳ ಆಕಾರ ನೋಡಿ ಜ್ಯಾಮಿತಿಯ ರೇಖೆಗಳಂತೆ ಕೂದಲು ಕತ್ತರಿಸಿದರು. 1960ರ ದಶಕದಲ್ಲಿ ಅವರ ಆ ವಿನ್ಯಾಸಗಳು ಪ್ರಸಿದ್ಧವಾದವು. ತೊಳೆದು, ತಲೆ ಕೊಡವಿ ಹೊರಟರೆ ಸಾಕು, ಕೂದಲು ತಾನೇ ಸರಿಯಾಗಿ ಕೂರುತ್ತಿತ್ತು. ಕೆಲಸಕ್ಕೆ ಹೋಗುವ ಹೆಂಗಸರಿಗೆ ಇದು ದೊಡ್ಡ ಬಿಡುಗಡೆ. 2009ರಲ್ಲಿ ಬ್ರಿಟನ್ ಅವರಿಗೆ ಸಿ.ಬಿ.ಇ. ಗೌರವ ನೀಡಿತು, 2012ರಲ್ಲಿ ತೀರಿಕೊಂಡರು. ಹೆಂಗಸರ ಮಾತನ್ನು ಗಮನವಿಟ್ಟು ಕೇಳಿದ್ದರಿಂದಲೇ ಒಬ್ಬ ಗಂಡಸು ಅವರ ಸಮಯವನ್ನು ಉಳಿಸಬಲ್ಲವನಾದ.

ಈ ವಿದ್ಯೆಯಲ್ಲಿ ಏನೇನಿದೆ?

'ಓದದವರು ಮಾಡುವ ಕೆಲಸ' ಎಂದು ಯಾರಾದರೂ ಹೇಳಿದರೆ ಈ ಪಟ್ಟಿಯನ್ನು ತೋರಿಸಿ.

ರಸಾಯನಶಾಸ್ತ್ರ: ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆಗಿದೆ. ಅದರೊಳಗಿನ ಗಂಧಕದ ಬಂಧಗಳನ್ನು ಸಡಿಲಿಸಿ, ಬೇಕಾದ ಆಕಾರಕ್ಕೆ ತಂದು, ಮತ್ತೆ ಬಿಗಿದರೆ ನೇರ ಕೂದಲು ಗುಂಗುರಾಗುತ್ತದೆ. ದ್ರಾವಣ ಹೆಚ್ಚು ಹೊತ್ತು ಉಳಿದರೆ ಕೂದಲು ತುಂಡಾಗುತ್ತದೆ.
ಜೀವಶಾಸ್ತ್ರ: ತಲೆಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಕೆಲವರ ಚರ್ಮಕ್ಕೆ ಕೂದಲ ಬಣ್ಣ ಒಗ್ಗುವುದಿಲ್ಲ. ಆದ್ದರಿಂದ ಎರಡು ದಿನ ಮೊದಲೇ ಚರ್ಮದ ಒಂದು ಮೂಲೆಯಲ್ಲಿ ಹಚ್ಚಿ ಪರೀಕ್ಷಿಸಬೇಕು.
ಗಣಿತ ಮತ್ತು ಚಿತ್ರಕಲೆ: ಕೋನ, ಸಮತೆ, ಅಳತೆ, ಬಣ್ಣದ ಮೇಲೆ ಬಣ್ಣ ಹೇಗೆ ಕಾಣುತ್ತದೆ ಎಂಬ ತಿಳಿವಳಿಕೆ.
ನಡತೆ: ಸ್ವಚ್ಛ ಉಪಕರಣ, ಸ್ವಚ್ಛ ಕೈ, ಮುಟ್ಟುವ ಮೊದಲು ಅನುಮತಿ, ಕೇಳಿದ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು. ಹೆಂಗಸರಿಗೆ ಸೇವೆ ಮಾಡುವ ಗಂಡಸಿಗೆ ಇದೇ ಮೊದಲ ಪಾಠ. ಬಳೆಗಾರ ಗಳಿಸಿದ್ದ ನಂಬಿಕೆಯನ್ನೇ ಅವನೂ ಗಳಿಸಬೇಕು. ಬೇಡ ಎನ್ನುವವರ 'ಬೇಡ'ವನ್ನು ಬೇಸರವಿಲ್ಲದೆ ಒಪ್ಪಬೇಕು.

ಕಷ್ಟವನ್ನೂ ಹೇಳಬೇಕು. ದಿನವಿಡೀ ನಿಂತು ಸೊಂಟ, ಕಾಲು ನೋಯುತ್ತವೆ. ಹಬ್ಬ, ಮದುವೆ ಎಂದು ಊರೆಲ್ಲ ರಜೆಯಲ್ಲಿರುವಾಗ ಇವರಿಗೆ ಬಿಡುವಿಲ್ಲ. ಮೊದಲ ವರ್ಷಗಳಲ್ಲಿ ಸಂಬಳ ಕಡಿಮೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಇಲ್ಲಿಯೂ ನಿಜ.

ಪೋಷಕರಿಗೆ ಎರಡು ಮಾತು

ನಾವಿರುವ ಕೊಲ್ಲಿ ನಾಡಿನಲ್ಲಿ ಸಾಮಾನ್ಯವಾಗಿ ಗಂಡಸರ ಸಲೂನ್ ಬೇರೆ, ಹೆಂಗಸರ ಸಲೂನ್ ಬೇರೆ. ಇಲ್ಲಿನ ಪದ್ಧತಿಯನ್ನು ನಾವು ಗೌರವಿಸುತ್ತೇವೆ. ಆದರೆ ನಮ್ಮ ಮಕ್ಕಳು ಮುಂದೆ ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಲಂಡನ್ನಿನಲ್ಲಿಯೋ ದುಡಿಯಬಹುದು. ಅಲ್ಲಿ ಈ ವಿದ್ಯೆಗೆ ಸಿನಿಮಾ, ರಂಗಭೂಮಿ, ಟಿವಿ, ಮದುವೆ, ಸಲೂನ್ ಎಂದು ಹಲವು ದಾರಿಗಳಿವೆ. ಸಿಬಿಎಸ್‌ಇ ಕೌಶಲ ವಿಷಯಗಳಲ್ಲಿ 'ಬ್ಯೂಟಿ ಅಂಡ್ ವೆಲ್‌ನೆಸ್' ಕೂಡ ಒಂದು. ಭಾರತದ ಐಟಿಐಗಳಲ್ಲಿ ಹತ್ತನೇ ತರಗತಿಯ ನಂತರ ಕಾಸ್ಮೆಟಾಲಜಿ ತರಬೇತಿ ಇದೆ.

ಎಲ್ಲ ಹುಡುಗರೂ ಈ ವೃತ್ತಿಗೆ ಹೋಗಲಿ ಎಂದು ನಾವು ಹೇಳುತ್ತಿಲ್ಲ. ಹೋಗಬೇಕೆನ್ನುವ ಒಬ್ಬನಿಗೆ ನಗೆ ಎದುರಾಗದಿರಲಿ ಎಂದಷ್ಟೇ ಕೇಳುತ್ತೇವೆ. ಮಗ ತಂಗಿಗೆ ಚೆಂದದ ಜಡೆ ಹಾಕಿದರೆ 'ಹುಡುಗಿಯ ಹಾಗೆ ಮಾಡಬೇಡ' ಎನ್ನಬೇಡಿ. 'ಜಡೆ ಬಿಗಿಯಾಗಿದೆ, ನೇರವಾಗಿದೆ' ಎಂದು ಕೆಲಸವನ್ನು ನೋಡಿ ಮಾತಾಡಿ. ಕ್ಷೌರಿಕರ ಹೆಸರನ್ನು ಬೈಗುಳವಾಗಿ ಬಳಸುವುದನ್ನು ಮನೆಯಲ್ಲಿ ನಿಲ್ಲಿಸಿ. ಮಕ್ಕಳು ನಮ್ಮ ಉಪದೇಶಕ್ಕಿಂತ ನಮ್ಮ ಮಾತಿನ ರೂಢಿಯನ್ನು ಬೇಗ ಕಲಿಯುತ್ತಾರೆ.

ಅಭ್ಯಾಸ

1. ಪ್ರಸಾಧನ, ಸೈರಂಧ್ರಿ, ಹಡಪ: ಈ ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ.
2. ಬೈತಲೆ, ತುರುಬು, ಹೆರಳು, ಮುಂಗುರುಳು: ಇಂಥ ಇನ್ನೂ ಆರು ಪದಗಳನ್ನು ಅಜ್ಜಿಯನ್ನೋ ಅಮ್ಮನನ್ನೋ ಕೇಳಿ ಬರೆಯಿರಿ.
3. ಊರಿನ ಹೆಂಗಸರು ಬಳೆಗಾರನನ್ನು ಏಕೆ ನಂಬುತ್ತಿದ್ದರು? ಐದು ವಾಕ್ಯಗಳಲ್ಲಿ ಉತ್ತರಿಸಿ.
4. 2014ರ ಸುಪ್ರೀಂ ಕೋರ್ಟ್ ತೀರ್ಪು ಹುಡುಗಿಯರಿಗೆ ಮಾತ್ರ ಸಂಬಂಧಿಸಿದ್ದೇ? ಮನೆಯಲ್ಲಿ ಚರ್ಚಿಸಿ.
5. ನಿಮ್ಮ ಕೂದಲು ಕತ್ತರಿಸುವವರ ಹೆಸರು ನಿಮಗೆ ಗೊತ್ತೇ? ಮುಂದಿನ ಸಲ ಹೋದಾಗ ಹೆಸರು, ಊರು, ಈ ಕೆಲಸವನ್ನು ಯಾರಿಂದ, ಎಷ್ಟು ವರ್ಷ ಕಲಿತರು ಎಂದು ವಿನಯದಿಂದ ಕೇಳಿ. ಅವರು ಒಪ್ಪಿದರೆ ಹತ್ತು ವಾಕ್ಯಗಳಲ್ಲಿ ಬರೆದು ತನ್ನಿ. ಇದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದೋಣ.