ಒಂದೇ ಹಗಲು, ಮೂರು ಸನ್ನಿಧಿ, ಒಂದು ಪಂಕ್ತಿ ಊಟ

ಪ್ರಶ್ನೆ: ರಾತ್ರಿ ಬಸ್ಸಿಗೆ ಹೊರಟು ಮರುದಿನ ರಾತ್ರಿಯ ಬಸ್ಸಿಗೇ ವಾಪಸಾಗಬೇಕು. ಉಡುಪಿ, ಆನೆಗುಡ್ಡೆ, ಕೊಲ್ಲೂರು, ಕಟೀಲು, ಧರ್ಮಸ್ಥಳ ಎಲ್ಲವನ್ನೂ ನೋಡುವ ಆಸೆ ಅಮ್ಮನಿಗೆ. ಅವರಿಗೆ ಮಂಡಿನೋವು ಬೇರೆ. ಹೇಗೆ ಹೊಂದಿಸಲಿ?
– ಓದುಗರು, ಬೆಂಗಳೂರು

ಉತ್ತರ: ಕಟೀಲು, ಧರ್ಮಸ್ಥಳಗಳನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ. ಅವು ಉಡುಪಿಯಿಂದ ದಕ್ಷಿಣದ ಕಡೆಗೆ; ಆನೆಗುಡ್ಡೆ, ಕೊಲ್ಲೂರು ಉತ್ತರಕ್ಕೆ. ಐದನ್ನೂ ಹಚ್ಚಿಕೊಂಡರೆ ಅಮ್ಮನ ಹಗಲೆಲ್ಲ ಕಾರಿನಲ್ಲೇ ಕಳೆಯುತ್ತದೆ.

ದೂರದ್ದು ಮೊದಲು ಮುಗಿಯಲಿ. ಬಸ್ಸಿಗೆ ನೇರ ಕೊಲ್ಲೂರಿಗೇ ಟಿಕೆಟ್ ಮಾಡಿಸಿ, ವಾಪಸಾಗುವಾಗ ಉಡುಪಿಯಿಂದ ಹತ್ತಿ. ಕೊಲ್ಲೂರಿನಲ್ಲಿ ಸ್ನಾನ ಮುಗಿಸಿ, ಬೆಳಗ್ಗೆಯೇ ಮೂಕಾಂಬಿಕೆಯ ದರ್ಶನ ಮಾಡಿ. ಮಳೆಗಾಲವಾದರೆ ಅಮ್ಮನನ್ನು ಸೌಪರ್ಣಿಕಾ ನದಿಯ ಮೆಟ್ಟಿಲಿಗೆ ಇಳಿಸಬೇಡಿ. ಅಲ್ಲಿಂದ ಕಾರು ಮಾಡಿಕೊಂಡು ಕುಂದಾಪುರದ ಮೇಲೆ ಕುಂಭಾಶಿಗೆ ಬಂದರೆ ಆನೆಗುಡ್ಡೆ ವಿನಾಯಕ. ಅಲ್ಲಿಂದ ಉಡುಪಿ ಸುಮಾರು 30 ಕಿ.ಮೀ. ಮಧ್ಯಾಹ್ನದ ಹೊತ್ತಿಗೆ ಕೃಷ್ಣಮಠದ ರಥಬೀದಿ ಮುಟ್ಟುತ್ತೀರಿ. ಚಂದ್ರಮೌಳೀಶ್ವರ, ಅನಂತೇಶ್ವರರಿಗೆ ಕೈಮುಗಿದು ಆಮೇಲೆ ಕೃಷ್ಣನ ದರ್ಶನಕ್ಕೆ ಹೋಗುವುದು ಇಲ್ಲಿನ ಪದ್ಧತಿ. ಗಂಡಸರು ಅಂಗಿ, ಬನಿಯನ್ ತೆಗೆದು ಒಳಗೆ ಹೋಗಬೇಕಾಗುತ್ತದೆ. ಪಂಚೆ, ಶಲ್ಯ ಚೀಲದಲ್ಲಿರಲಿ. ದರ್ಶನದ ಬಳಿಕ ಬಿಸಿಲು ಇಳಿಯುವವರೆಗೂ ಅಮ್ಮ ಉಡುಪಿಯಲ್ಲೇ ವಿಶ್ರಾಂತಿ ಪಡೆಯಲಿ.

ಪ್ರಶ್ನೆ: ಅತ್ತೆಯವರು ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಮಕ್ಕಳಿಗೆ ಆ ಊರಿನ ತಿಂಡಿಯೇ ಬೇಕು. ಇಬ್ಬರಿಗೂ ಆಗುವುದು ಏನಿದೆ?
– ಓದುಗರು, ದಾವಣಗೆರೆ

ಉತ್ತರ: ಬೇಕಾದಷ್ಟಿದೆ. ಬನ್ಸ್ ಎಂದರೆ ಕಳಿತ ಬಾಳೆಹಣ್ಣು, ಮೊಸರು, ಜೀರಿಗೆ ಹಾಕಿ ಕಲಸಿದ ಮೈದಾ ಹಿಟ್ಟನ್ನು ಲಟ್ಟಿಸಿ ಕರಿದದ್ದು. ಗೋಳಿಬಜೆಗೆ ಶುಂಠಿ, ಹಸಿಮೆಣಸು, ಕರಿಬೇವು ಸಾಕು. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಕಡುಬು, ಕಾಯಿಚಟ್ನಿಯ ಜೊತೆ ನೀರುದೋಸೆ, ಉಪ್ಪಿಟ್ಟಿಗೆ ಒಗ್ಗರಣೆ ಅವಲಕ್ಕಿ ಬೆರೆಸಿ ಕೊಡುವ ಸಜ್ಜಿಗೆ-ಬಜಿಲ್ ಕೂಡ ಸಿಗುತ್ತವೆ. ಆದರೆ ಮಸಾಲೆ ದೋಸೆಯ ಪಲ್ಯ, ಹೋಟೆಲಿನ ಸಾಂಬಾರುಗಳಲ್ಲಿ ಈರುಳ್ಳಿ ಇರುವುದುಂಟು. ಆರ್ಡರ್ ಮಾಡುವ ಮೊದಲೇ ಕೇಳಿಬಿಡಿ. ಆನೆಗುಡ್ಡೆಯಲ್ಲಿ ಪಂಚಕಜ್ಜಾಯ ತೆಗೆದುಕೊಳ್ಳಲು ಮರೆಯಬೇಡಿ; ದಾರಿಯಲ್ಲಿ ಮಕ್ಕಳ ಹಸಿವಿಗೂ ಅದು ಒದಗುತ್ತದೆ.

ಊಟಕ್ಕೆ ಮಟ್ಟುಗುಳ್ಳದ ಹುಳಿ ಸಿಕ್ಕಿದರೆ ಬಿಡಬೇಡಿ. ಉಡುಪಿ ಸಮೀಪದ ಮಟ್ಟು ಗ್ರಾಮದ ಈ ಗುಂಡು ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ.

ಪ್ರಶ್ನೆ: ದರ್ಶನವಾದ ಮೇಲೆ ಮಠದ ಊಟಕ್ಕೆ ಕಾಯಲೇಬೇಕೆ? ಹೋಟೆಲಿನಲ್ಲಿ ಬೇಗ ಮುಗಿಸಿದರೆ ಇನ್ನೊಂದು ದೇವಸ್ಥಾನ ನೋಡಬಹುದಲ್ಲ?
– ಓದುಗರು, ಮೈಸೂರು

ಉತ್ತರ: ಸಾಧ್ಯವಾದರೆ ಕಾಯಿರಿ ಎಂದೇ ಹೇಳುತ್ತೇನೆ. ತಿರುಪತಿಯವನು ಕಾಂಚನಬ್ರಹ್ಮ, ಪಂಢರಪುರದವನು ನಾದಬ್ರಹ್ಮ, ಉಡುಪಿಯವನು ಅನ್ನಬ್ರಹ್ಮ ಎಂಬ ಮಾತಿದೆ. ಕೃಷ್ಣನ ಪೂಜೆ ಎರಡು ವರ್ಷಕ್ಕೊಮ್ಮೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತದೆ. ಈ ಪರ್ಯಾಯಕ್ಕೆ ಸಿದ್ಧತೆ ಹೇಗೆ ನಡೆಯುತ್ತದೆ ನೋಡಿ: ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಊಟದ ಎಲೆಗೆ ಬಾಳೆ, ಬೇಯಿಸಲು ಅಕ್ಕಿ, ಒಲೆಗೆ ಸೌದೆ, ಎಲ್ಲಕ್ಕೂ ತಿಂಗಳುಗಟ್ಟಲೆ ಮೊದಲೇ ಪೂಜೆ. ಬಂದವರಿಗೆ ಉಣಬಡಿಸುವುದು ಅಲ್ಲಿ ದೇವರ ಕೆಲಸದಲ್ಲೇ ಸೇರಿದೆ. ನವಗ್ರಹ ಕಿಂಡಿಯಲ್ಲಿ ಕೃಷ್ಣನನ್ನು ಕಂಡು, ಪಂಕ್ತಿಯಲ್ಲಿ ಕೂತು ಸಾರು, ಹುಳಿ, ಪಾಯಸ ಉಂಡಾಗಲೇ ಉಡುಪಿ ಯಾತ್ರೆ ಪೂರ್ತಿಯಾಗುವುದು.

ಹೊರಡುವ ದಿನ ಗೊತ್ತುಮಾಡುವ ಮೊದಲು ಪಂಚಾಂಗ ನೋಡಿ. ಏಕಾದಶಿಯಂದು ಮಠದಲ್ಲಿ ಅನ್ನದ ಊಟವಿರುವುದಿಲ್ಲ. ಮರುದಿನ ದ್ವಾದಶಿಯ ಪಾರಣೆ ಬೆಳಗ್ಗೆಯೇ ಆಗುತ್ತದೆ. ನೆಲದ ಮೇಲೆ ಕೂರಲಾಗದವರಿದ್ದರೆ ಬೇರೆ ವ್ಯವಸ್ಥೆ ಇದೆಯೇ ಎಂದು ಸಾಲಿಗೆ ನಿಲ್ಲುವ ಮೊದಲೇ ಕೇಳಿಕೊಳ್ಳಿ. ಬೇಕಾದಷ್ಟೇ ಹಾಕಿಸಿಕೊಳ್ಳಿ, ಎಲೆಯಲ್ಲಿ ಅನ್ನ ಬಿಡಬೇಡಿ. ಕೈಲಾದಷ್ಟನ್ನು ಅನ್ನದಾನಕ್ಕೆ ಕೊಟ್ಟು ಬನ್ನಿ. ನಾಳೆ ಬರುವವರ ಎಲೆಗೂ ಅನ್ನ ಬೀಳಬೇಕಲ್ಲ.