ದೇವರು ಬೇಡಿದ್ದೋ, ಮಂದಿ ಮಾಡಿದ್ದೋ?
(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ)



ಉಳಿತಾಯ, ಸಾಲ, ಬಡ್ಡಿಯ ಲೆಕ್ಕ ನಾವು ಪ್ರತಿ ವಾರ ಮಾಡುತ್ತೇವೆ. ಇವತ್ತು ಬೇರೆ ಒಂದು ಲೆಕ್ಕ ನೋಡೋಣ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ನಮ್ಮ ಸಂಘಗಳಲ್ಲಿ ದೇವದಾಸಿ ಪದ್ಧತಿಯ ಮಾತು ಬಂದರೆ ಸಾಕು, ಸಭೆ ಸುಮ್ಮನಾಗುತ್ತದೆ. ಯಾರಾದರೊಬ್ಬರು, “ಅದು ದೇವರ ಕೆಲಸರೀ ಅಕ್ಕಾರ, ದೇವರ ಮುಂದ ನಮ್ದೇನ್ ನಡೀತೈತಿ?” ಅನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ.

ಮಾತು ನಿಲ್ಲುವ ಜಾಗದಲ್ಲೇ ನಮ್ಮ ಪಾಠ ಶುರುವಾಗಬೇಕು. ಹೆಣ್ಣು ಮಗುವಿಗೆ ಮುತ್ತು ಕಟ್ಟುವುದು ಧರ್ಮವೋ ಅಥವಾ ರೂಢಿಯೋ? ಈ ಪ್ರಶ್ನೆ ಪಂಡಿತರಿಗೆ ಮಾತ್ರ ಸೇರಿದ್ದಲ್ಲ. ಧರ್ಮ ಅಂದುಕೊಂಡರೆ ನಾವು ಕೈಕಟ್ಟಿ ಕೂಡುತ್ತೇವೆ. ಮಂದಿ ಮಾಡಿದ ರೂಢಿ ಅಂತ ತಿಳಿದರೆ, ಮಂದಿಯೇ ಕೂಡಿ ಅದನ್ನು ಬಿಡಬಹುದು. ಒಂದು ಹುಡುಗಿಯ ಇಡೀ ಬಾಳು ಈ ಉತ್ತರದ ಮೇಲೆ ನಿಂತಿದೆ.

ಭಕ್ತಿ ಬೇರೆ, ಮುತ್ತು ಬೇರೆ

ಮೊದಲು ಎರಡು ವಿಷಯಗಳನ್ನು ಬೇರೆ ಮಾಡಿಕೊಳ್ಳೋಣ. ನಮ್ಮ ಊರುಗಳಿಂದ ಸಾವಿರಾರು ಮಂದಿ ಚಕ್ಕಡಿ, ಟ್ರ್ಯಾಕ್ಟರ್, ಬಸ್ಸು ಹತ್ತಿ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ, ಹುಲಗಿಯ ಹುಲಿಗೆಮ್ಮನ ಜಾತ್ರೆಗೆ ಹೋಗುತ್ತಾರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಉಡಿ ತುಂಬುತ್ತಾರೆ, ಪಡ್ಡಲಗಿ ತುಂಬಿಸುತ್ತಾರೆ, ಹರಕೆ ತೀರಿಸುತ್ತಾರೆ. ಇದು ಅವರ ಭಕ್ತಿ. ಇದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. ಯಾರ ಭಕ್ತಿಯನ್ನೂ ಹಗುರ ಮಾಡುವುದು ಈ ಪಾಠದ ಉದ್ದೇಶವಲ್ಲ.

ಮುತ್ತು ಕಟ್ಟುವುದು ಬೇರೆ. ಇನ್ನೂ ತಿಳುವಳಿಕೆ ಬರದ ಹುಡುಗಿಯ ಕೊರಳಿಗೆ ಕೆಂಪು-ಬಿಳಿ ಮಣಿಯ ಸರ ಕಟ್ಟಿ, “ನೀನು ಇನ್ನು ದೇವರ ಹೆಂಡತಿ” ಅಂತ ಹೇಳುವುದು. ಆಮೇಲೆ ಅವಳಿಗೆ ಮದುವೆ ಇಲ್ಲ. ದೊಡ್ಡವಳಾದ ಮೇಲೆ ಯಾರೋ ಒಬ್ಬ ಉಳ್ಳವನು ಅವಳನ್ನು ಇಟ್ಟುಕೊಳ್ಳುತ್ತಾನೆ, ಬೇಸರಾದಾಗ ಬಿಡುತ್ತಾನೆ. ಮಕ್ಕಳಿಗೆ ಅಪ್ಪನ ಹೆಸರಿಲ್ಲ, ಅವಳಿಗೆ ಆಸ್ತಿಯಲ್ಲಿ ಪಾಲಿಲ್ಲ. ಮದುವೆ ಮನೆಗೆ ಅವಳನ್ನು “ನಿತ್ಯ ಮುತ್ತೈದೆ” ಅಂತ ಕರೆಯುತ್ತಾರೆ. ಆದರೆ ಹೆಂಡತಿ ಅಂತ ಒಪ್ಪಿ ಮನೆ ತುಂಬಿಸಿಕೊಳ್ಳುವವರು ಯಾರೂ ಇಲ್ಲ.

ನಾಲ್ಕು ಪ್ರಶ್ನೆಗಳು

ಯಾವುದೇ ಪದ್ಧತಿಯನ್ನು “ಇದು ಧರ್ಮ” ಅಂತ ಯಾರಾದರೂ ಹೇಳಿದಾಗ ಈ ನಾಲ್ಕು ಪ್ರಶ್ನೆ ಕೇಳಿ ನೋಡಿ.

1. ಆ ದೇವರನ್ನು ನಂಬುವವರೆಲ್ಲರೂ ಇದನ್ನು ಮಾಡುತ್ತಾರೆಯೇ?
ಯಲ್ಲಮ್ಮನ ಗುಡ್ಡಕ್ಕೆ ಎಲ್ಲ ಜಾತಿಯವರೂ ಹೋಗುತ್ತಾರೆ. ಗೌಡರ ಮನೆಯವರೂ ಹೋಗುತ್ತಾರೆ, ಶೆಟ್ಟರ ಮನೆಯವರೂ ಹೋಗುತ್ತಾರೆ. ಆದರೆ ನಮ್ಮ ಕಾಲದಲ್ಲಿ ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ಪರಿಶಿಷ್ಟ ಜಾತಿಯ ಬಡ ಮನೆತನದ ಹುಡುಗಿಯರು. ದೇವಿ ಬೇಡಿದ್ದು ನಿಜವಾಗಿದ್ದರೆ ಬಡವರ ಕೇರಿಯಲ್ಲಿ ಮಾತ್ರ ಯಾಕೆ ಬೇಡಿದಳು? ಹೊಲ, ಮನೆ, ಬಂಗಾರ ಇದ್ದವರ ಮಗಳು ಅವಳ ಕಣ್ಣಿಗೆ ಬೀಳಲಿಲ್ಲವೇ?

2. ಆ ದೇವರ ಕಥೆ ಏನು ಹೇಳುತ್ತದೆ?
ಜೋಗತಿಯರು ಚೌಡಿಕೆ ಬಾರಿಸುತ್ತ ಹೇಳುವ ಕಥೆಯಲ್ಲಿ ಯಲ್ಲಮ್ಮ ಅಂದರೆ ರೇಣುಕೆ, ಜಮದಗ್ನಿಯ ಹೆಂಡತಿ, ಪರಶುರಾಮನ ತಾಯಿ. ಗಂಡ ಇದ್ದವಳು, ಮಕ್ಕಳ ತಾಯಿ, ಕಷ್ಟ ಉಂಡವಳು. ಅಂಥ ತಾಯಿ ಇನ್ನೊಬ್ಬ ತಾಯಿಯ ಮಗಳಿಗೆ ಗಂಡ-ಮನೆ ಬೇಡ ಅಂತಾಳೆಯೇ?

3. ಇದರಿಂದ ಲಾಭ ಯಾರಿಗೆ?
ಗಂಡು ಮಗ ಇಲ್ಲದ ಮನೆಯಲ್ಲಿ ಒಬ್ಬ ಮಗಳಿಗೆ ಮುತ್ತು ಕಟ್ಟಿದರೆ ಅವಳು ಗಂಡನ ಮನೆಗೆ ಹೋಗುವುದಿಲ್ಲ. ಮಗನಂತೆ ಮನೆಯಲ್ಲೇ ಉಳಿದು ದುಡಿದು ಹಾಕುತ್ತಾಳೆ. ಮದುವೆ ಖರ್ಚೂ ಇಲ್ಲ. ಊರ ಉಳ್ಳವರಿಗೆ ಜವಾಬ್ದಾರಿ ಇಲ್ಲದ ಹೆಣ್ಣು ಸಿಗುತ್ತಾಳೆ. ಇದೆಲ್ಲ ಮನುಷ್ಯರ ಲಾಭ. ದೇವರ ಪಾಲಿಗೆ ಬಂದದ್ದು ಹೆಸರು ಮಾತ್ರ.

4. ಹುಡುಗಿಯನ್ನು ಯಾರಾದರೂ ಕೇಳಿದ್ದಾರೆಯೇ?
ಹರಕೆ ಹೊತ್ತವರು ಹಿರಿಯರು, ತೀರಿಸಿದವಳು ಮಗು. ಅಪ್ಪನಿಗೆ ಜಡ್ಡಾದರೆ, ತಾಯಿಗೆ ಗಂಡು ಕೂಸು ಬೇಕಾದರೆ, ಮಗಳ ಬಾಳು ಹರಕೆಗೆ ಹೋಯಿತು. ತನ್ನ ಹರಕೆಯನ್ನು ಇನ್ನೊಬ್ಬರ ಮೈಮೇಲೆ ತೀರಿಸುವುದು ಭಕ್ತಿ ಹೇಗಾದೀತು?

ಇನ್ನು ಜಡೆಯ ಮಾತು. “ಹುಡುಗಿಗೆ ಜಡಿ ಬಂದೈತಿ, ಯಲ್ಲಮ್ಮ ಕರದಾಳ” ಅನ್ನುತ್ತಾರೆ. ಎಣ್ಣೆ ಹಚ್ಚಿ ಬಾಚದೆ ಬಿಟ್ಟರೆ, ತಲೆಯಲ್ಲಿ ಹೇನು, ಹುಣ್ಣು, ಕೊಳೆ ತುಂಬಿದರೆ ಯಾರ ಕೂದಲಾದರೂ ಅಂಟಿಕೊಂಡು ಗಂಟಾಗುತ್ತದೆ. ತೊಳೆದು, ಬಿಡಿಸಿ, ಬಿಡಿಸಲು ಆಗದಿದ್ದರೆ ಕತ್ತರಿಸಿ, ತಲೆಗೆ ಔಷಧಿ ಹಚ್ಚಿದರೆ ಹೊಸ ಕೂದಲು ಬರುತ್ತದೆ. ಜಡೆ ಕತ್ತರಿಸಿಕೊಂಡ ಅನೇಕ ಅಕ್ಕಂದಿರು ಇವತ್ತು ಆರಾಮಾಗಿ ಬದುಕಿದ್ದಾರೆ.

“ಹಿಂದಿನಿಂದ ಬಂದದ್ದು” ಅನ್ನುವ ಮಾತು

ಹಿರಿಯರು ಹೇಳುವ ಮಾತಿನಲ್ಲಿ ಸತ್ಯದ ತುಣುಕು ಇದೆ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ದೇವಸ್ಥಾನದಲ್ಲಿ ಹಾಡುವ, ಕುಣಿಯುವ ‘ಪಾತ್ರ’ದವರ ಉಲ್ಲೇಖ ಬರುತ್ತದೆ. ಅವರಲ್ಲಿ ಕೆಲವರು ತಾವೇ ದಾನ ಕೊಡುವಷ್ಟು ಉಳ್ಳವರಾಗಿದ್ದರು. ಬಡ ಹುಡುಗಿಗೆ ಮುತ್ತು ಕಟ್ಟಿ ಊರ ಉಳ್ಳವರ ಕೈಗೆ ಒಪ್ಪಿಸುವುದಕ್ಕೂ ಅದಕ್ಕೂ ಬಹಳ ಅಂತರ ಇದೆ. ಅಂದರೆ “ಮೊದಲಿನಿಂದ ಹೀಗೇ ಇತ್ತು” ಅನ್ನುವುದು ಸರಿಯಲ್ಲ, ನಡುವೆ ಬದಲಾಗುತ್ತ ಬಂದಿದೆ. ಕೆಟ್ಟದ್ದಕ್ಕೆ ಬದಲಾದದ್ದು ಒಳ್ಳೆಯದಕ್ಕೂ ಬದಲಾಗಬಹುದು.

ದೂರದ ದೇಶದ ಒಂದು ಉದಾಹರಣೆ

ಹೆಣ್ಣುಮಕ್ಕಳ ಮೇಲೆ ಇಂಥ ಹೊರೆ ನಮ್ಮಲ್ಲಿ ಮಾತ್ರ ಇಲ್ಲ. ಆಫ್ರಿಕಾದ ಹಲವು ದೇಶಗಳಲ್ಲಿ, ಬೇರೆ ಕೆಲವು ಕಡೆಗಳಲ್ಲಿ, ಚಿಕ್ಕ ಹುಡುಗಿಯರ ಗುಪ್ತಾಂಗದ ಭಾಗವನ್ನು ಬ್ಲೇಡು, ಚಾಕುವಿನಿಂದ ಕತ್ತರಿಸುವ ಪದ್ಧತಿ ಇದೆ. ಓದಲು ಸಂಕೋಚ ಆಗಬಹುದು, ಆದರೆ ತಿಳಿಯಬೇಕಾದ ವಿಷಯ. ಯುನಿಸೆಫ್ 2024ರಲ್ಲಿ ಹೇಳಿದಂತೆ ಹೀಗೆ ಕತ್ತರಿಸಿಕೊಂಡು ಬದುಕಿರುವ ಹೆಣ್ಣುಮಕ್ಕಳು 23 ಕೋಟಿಗೂ ಹೆಚ್ಚು. ಇದರಿಂದ ಆರೋಗ್ಯಕ್ಕೆ ಒಂದು ಲಾಭವೂ ಇಲ್ಲ. ರಕ್ತ ಹೋಗುವುದು, ನಂಜಾಗುವುದು, ಉಚ್ಚೆಯ ತೊಂದರೆ, ಹೆರಿಗೆಯಲ್ಲಿ ಅಪಾಯ ಇವೇ ಸಿಗುವುದು.

ಅಲ್ಲಿಯೂ ಕೇಳಿದರೆ “ಇದು ನಮ್ಮ ಧರ್ಮ” ಅನ್ನುವವರು ಬಹಳ. ಆದರೆ ಲೆಕ್ಕ ಹಾಕಿ ನೋಡಿ. ಈಜಿಪ್ಟಿನಲ್ಲಿ ಮುಸ್ಲಿಮರೂ ಮಾಡಿದರು, ಕ್ರೈಸ್ತರೂ ಮಾಡಿದರು. ಕುರಾನಿನಲ್ಲಿ ಇದರ ಮಾತಿಲ್ಲ, ಬೈಬಲಿನಲ್ಲೂ ಇಲ್ಲ. ಇನ್ನೊಂದು ಕಡೆ, ಜಗತ್ತಿನ ಕೋಟ್ಯಂತರ ಮುಸ್ಲಿಂ ಕುಟುಂಬಗಳು ಇದನ್ನು ಮಾಡುವುದೇ ಇಲ್ಲ. ನಮ್ಮ ಭಾಗದ ಮುಸ್ಲಿಂ ಅಕ್ಕತಂಗಿಯರಲ್ಲಿ ಹೆಚ್ಚಿನವರು ಇದರ ಹೆಸರನ್ನೂ ಕೇಳಿರಲಿಕ್ಕಿಲ್ಲ. ಎರಡು ಧರ್ಮದವರು ಒಂದೇ ಪದ್ಧತಿ ಮಾಡುತ್ತಾರೆ, ಒಂದೇ ಧರ್ಮದವರಲ್ಲಿ ಕೆಲವರು ಮಾಡುತ್ತಾರೆ, ಕೆಲವರು ಮಾಡುವುದಿಲ್ಲ. ಹಾಗಾದರೆ ಅದರ ಬೇರು ಧರ್ಮದಲ್ಲಿ ಇರಲಾರದು.

2007ರಲ್ಲಿ ಈಜಿಪ್ಟಿನಲ್ಲಿ ಒಬ್ಬ ಬಾಲಕಿ ಈ ಕತ್ತರಿಸುವ ಕೆಲಸದಲ್ಲೇ ಸತ್ತಳು. ಆಗ ಇಸ್ಲಾಮಿನ ದೊಡ್ಡ ವಿದ್ಯಾಪೀಠವಾದ ಅಲ್-ಅಜ್ಹರ್‌ನ ಪಂಡಿತರು, ಇದಕ್ಕೆ ಧರ್ಮದಲ್ಲಿ ಆಧಾರವಿಲ್ಲ ಅಂತ ಸ್ಪಷ್ಟವಾಗಿ ಹೇಳಿದರು. ನಮ್ಮ ದೇಶದಲ್ಲಿ ದಾವೂದಿ ಬೊಹ್ರಾ ಸಮುದಾಯದಲ್ಲಿ ಇದರ ಒಂದು ರೂಪ ನಡೆದು ಬಂದಿದೆ. ಏಳನೇ ವಯಸ್ಸಿನ ಸುಮಾರಿಗೆ ತಮಗೆ ಆದದ್ದನ್ನು ಆ ಸಮುದಾಯದ ಹೆಣ್ಣುಮಕ್ಕಳೇ ಬಾಯಿಬಿಟ್ಟು ಹೇಳಿದ್ದಾರೆ. ಇದು ಧರ್ಮದ ಹಕ್ಕು ಅನ್ನುವ ಹೆಣ್ಣುಮಕ್ಕಳೂ ಅಲ್ಲಿ ಇದ್ದಾರೆ. 2017ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಈ ಪ್ರಕರಣವನ್ನು 2018ರಲ್ಲಿ ದೊಡ್ಡ ಪೀಠಕ್ಕೆ ಒಪ್ಪಿಸಲಾಯಿತು.

ಒಂದು ಊರು ಹೇಗೆ ಬಿಟ್ಟಿತು?

ಸೆನೆಗಲ್ ದೇಶದಲ್ಲಿ ಮಾಲಿಕೂಂದಾ ಬಂಬಾರಾ ಅನ್ನುವ ಒಂದು ಹಳ್ಳಿ. ಅಲ್ಲಿನ ಹೆಣ್ಣುಮಕ್ಕಳು ನಮ್ಮ ಹಾಗೇ ಗುಂಪು ಕೂಡಿ ಅಕ್ಷರ, ಆರೋಗ್ಯ, ಹಕ್ಕುಗಳ ಪಾಠ ಕಲಿಯುತ್ತಿದ್ದರು. ಕಲಿಯುತ್ತ ಕಲಿಯುತ್ತ ಈ ಕತ್ತರಿಸುವ ಪದ್ಧತಿಯ ಬಗ್ಗೆ ಮಾತು ಬಂತು. “ನನ್ನ ಮಗಳಿಗೆ ಮಾಡಿಸದಿದ್ದರೆ ಅವಳನ್ನು ಯಾರು ಮದುವೆ ಆಗ್ತಾರ?” ಅನ್ನುವ ಭಯ ಎಲ್ಲರಿಗೂ ಇತ್ತು. ಒಂದು ಮನೆ ಬಿಟ್ಟರೆ ಆ ಮನೆಯ ಹುಡುಗಿ ಒಬ್ಬಂಟಿ. ಎಲ್ಲರೂ ಒಟ್ಟಿಗೆ ಬಿಟ್ಟರೆ ಯಾರ ಮಗಳೂ ಒಬ್ಬಂಟಿ ಅಲ್ಲ. 1997ರ ಜುಲೈ 31ರಂದು ಅವರು ಇಡೀ ಊರಿನ ಪರವಾಗಿ, “ನಾವು ಇನ್ನು ಮುಂದೆ ಇದನ್ನು ಮಾಡುವುದಿಲ್ಲ” ಅಂತ ಎಲ್ಲರೆದುರು ಸಾರಿದರು. ಬೀಗರ ಊರುಗಳು ಒಪ್ಪದೆ ಇದು ನಿಲ್ಲದು ಅಂತ ತಿಳಿದ ಒಬ್ಬ ಹಿರಿಯ ಧರ್ಮಗುರು ಊರೂರು ನಡೆದು ಮಾತಾಡಿದರು. ಮರುವರ್ಷ ಮತ್ತೆ 13 ಹಳ್ಳಿಗಳು ಬಿಟ್ಟವು. 1999ರಲ್ಲಿ ಆ ದೇಶದಲ್ಲಿ ಕಾನೂನು ಬಂತು. ಅಂದರೆ ಮೊದಲು ಹೆಣ್ಣುಮಕ್ಕಳ ಗುಂಪು, ಆಮೇಲೆ ಕಾನೂನು.

ನಮ್ಮಲ್ಲಿ ಕಾನೂನು ಇದೆ, ಆದರೆ…

ನಮ್ಮಲ್ಲಿ ಕಾನೂನು ಮೊದಲೇ ಬಂತು. ಮೈಸೂರು ಸಂಸ್ಥಾನ 1909ರಲ್ಲೇ ಸರ್ಕಾರಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ಗದಗ, ಮುಂಡರಗಿ ಆಗ ಮುಂಬಯಿ ಪ್ರಾಂತದಲ್ಲಿದ್ದವು. ಅಲ್ಲಿ 1934ರಲ್ಲಿ ಕಾನೂನಾಯಿತು. ಮದ್ರಾಸ್ ಪ್ರಾಂತದಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಬಹು ವರ್ಷಗಳ ಹೋರಾಟದ ನಂತರ 1947ರಲ್ಲಿ ಬಂತು. ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ 1982ರದ್ದು, ಜಾರಿಯಾದದ್ದು 1984ರಲ್ಲಿ. ಆ ಕಾಯ್ದೆಯಲ್ಲಿ ಮುತ್ತು ಕಟ್ಟಿದವರಿಗೆ, ಕಟ್ಟಲು ಸಹಾಯ ಮಾಡಿದವರಿಗೆ ಮೂರು ವರ್ಷದವರೆಗೆ ಜೈಲು ಇತ್ತು. ತಂದೆ-ತಾಯಿ, ಪೋಷಕರು, ಬಂಧುಗಳೇ ಮಾಡಿದರೆ ಎರಡರಿಂದ ಐದು ವರ್ಷ ಜೈಲು, ದಂಡ ಬೇರೆ ಇತ್ತು. ಮುತ್ತು ಕಟ್ಟಿಸಿಕೊಂಡವಳು ಮದುವೆಯಾಗಬಹುದು, ಆ ಮದುವೆ ಕಾನೂನು ಪ್ರಕಾರ ಸರಿ. 2025ರ ಆಗಸ್ಟ್‌ನಲ್ಲಿ ರಾಜ್ಯ ವಿಧಾನಮಂಡಲ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು. ದೇವದಾಸಿ ತಾಯಂದಿರ ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರು ಬರೆಯಲೇಬೇಕು ಅನ್ನುವ ಒತ್ತಾಯ ಇರಬಾರದು ಎಂಬುದು ಅದರ ಮುಖ್ಯ ಅಂಶಗಳಲ್ಲಿ ಒಂದು.

“ಧರ್ಮ ಪಾಲಿಸುವ ಹಕ್ಕು ಸಂವಿಧಾನದಾಗ ಐತಲ್ರೀ?” ಅಂತ ಯಾರಾದರೂ ಕೇಳಬಹುದು. ಇದೆ, 25ನೇ ವಿಧಿಯಲ್ಲಿದೆ. ಆದರೆ ಸಾರ್ವಜನಿಕ ಶಿಸ್ತು, ನೀತಿ, ಆರೋಗ್ಯ ಮತ್ತು ಇತರ ಮೂಲಭೂತ ಹಕ್ಕುಗಳಿಗೆ ಒಳಪಟ್ಟು ಆ ಹಕ್ಕು ಅಂತ ಅದೇ ವಿಧಿ ಹೇಳುತ್ತದೆ. ಸಮಾಜ ಸುಧಾರಣೆಗೆ ಕಾನೂನು ಮಾಡುವ ಅಧಿಕಾರವನ್ನೂ ಅಲ್ಲೇ ಕೊಟ್ಟಿದೆ.

ಇಷ್ಟೆಲ್ಲ ಇದ್ದರೂ 1993-94ರ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ದೇವದಾಸಿ ಮಹಿಳೆಯರು ಸಿಕ್ಕರು. 2007-08ರಲ್ಲಿ ಮತ್ತೆ 23,787 ಮಂದಿಯ ಹೆಸರು ಸೇರಿತು. ಒಟ್ಟು 46,660. ಗದಗ ಜಿಲ್ಲೆಯೂ ಆ ಪಟ್ಟಿಯಲ್ಲಿದೆ. ಗುಡ್ಡದ ಮೇಲೆ ಪೊಲೀಸರು ನಿಂತರೆ ಮುತ್ತು ಮನೆಯೊಳಗೇ, ರಾತ್ರಿ ಹೊತ್ತಿನಲ್ಲಿ ಕಟ್ಟಲಾಗುತ್ತದೆ. ಮನೆಯೊಳಗಿನ ಸುದ್ದಿ ಪೊಲೀಸರಿಗಿಂತ ಮೊದಲು ಗೊತ್ತಾಗುವುದು ಓಣಿಯ ಹೆಣ್ಣುಮಕ್ಕಳಿಗೆ.

ಹಾಗಾದರೆ ಉತ್ತರ ಏನು?

ಧರ್ಮದ ಕೈ ಇದರಲ್ಲಿ ಇಲ್ಲವೇ ಇಲ್ಲ ಅಂದರೆ ಅದೂ ಪೂರ್ತಿ ಸತ್ಯವಲ್ಲ. ಮುತ್ತು ಕಟ್ಟಿದವರು ದೇವರ ಹೆಸರು ಹೇಳಿಯೇ ಕಟ್ಟಿದರು. ನೋಡಿದ ಹಿರಿಯರು, ಎಲ್ಲ ಧರ್ಮದ ದೊಡ್ಡವರು, ಬಹಳ ಕಾಲ ಸುಮ್ಮನಿದ್ದರು. ಬೇರು ಇರುವುದು ಬಡತನದಲ್ಲಿ, ಜಾತಿಯಲ್ಲಿ, ಗಂಡು ಮಗ ಬೇಕೆನ್ನುವ ಆಸೆಯಲ್ಲಿ. ಧರ್ಮದ ಹೆಸರು ಅದಕ್ಕೆ ಕಟ್ಟಿದ ಬೇಲಿ. ಬೇಲಿ ತೆಗೆದರೆ ಬೇರು ಕಾಣುತ್ತದೆ. ಬೇರು ಕಂಡರೆ ಕೀಳಬಹುದು.

ಬೆಳಗಾವಿ ಜಿಲ್ಲೆಯಲ್ಲಿ ಮುತ್ತು ಕಟ್ಟಿಸಿಕೊಂಡ ಮಹಿಳೆಯರೇ ಕೂಡಿ 1997ರಲ್ಲಿ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ ಕಟ್ಟಿದರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರು ತಾವೇ ಬಾಲ್ಯದಲ್ಲಿ ದೇವದಾಸಿಯಾದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬೇರು ಕೀಳುವ ಕೆಲಸವನ್ನು ನೋವುಂಡ ಹೆಣ್ಣುಮಕ್ಕಳೇ ಮಾಡಿ ತೋರಿಸಿದ್ದಾರೆ.

ನಮ್ಮ ಸಂಘ ಏನು ಮಾಡಬಹುದು?

• “ನಮ್ಮ ಸಂಘದ ಯಾವ ಮನೆಯಲ್ಲೂ ಹೆಣ್ಣು ಮಗುವಿಗೆ ಮುತ್ತು ಕಟ್ಟುವುದಿಲ್ಲ, ಕಟ್ಟುವ ಕಡೆ ಊಟಕ್ಕೂ ಹೋಗುವುದಿಲ್ಲ” ಅಂತ ಎಲ್ಲರೂ ಒಪ್ಪಿ ಠರಾವು ಬರೆದು ಸಹಿ, ಹೆಬ್ಬೆಟ್ಟು ಹಾಕಿರಿ. ಬೀಗರ ಊರಿನ ಸಂಘಕ್ಕೂ ಓದಿ ಹೇಳಿರಿ.

• ಜಡ್ಡು, ಸಾಲ, ಗಂಡು ಮಗ ಇಲ್ಲದ ಚಿಂತೆ ಇರುವ ಮನೆಯ ಕಡೆ ಗಮನ ಇರಲಿ. ಹರಕೆ ಹುಟ್ಟುವುದು ಅಲ್ಲಿಯೇ. ಸಂಘದ ಸಾಲ, ಆಸ್ಪತ್ರೆಗೆ ಜೊತೆಗೆ ಹೋಗುವುದು, ಎರಡು ಧೈರ್ಯದ ಮಾತು ಆ ಹರಕೆಯನ್ನು ತಡೆಯಬಹುದು.

• ಹುಡುಗಿ ಶಾಲೆ ಬಿಟ್ಟರೆ, ಹುಣ್ಣಿಮೆಯ ಮುಂಚೆ ಮನೆಯಲ್ಲಿ ಗುಟ್ಟಿನ ತಯಾರಿ ಕಂಡರೆ, ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿರಿ, ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಪೊಲೀಸ್ 112ಕ್ಕೆ ಫೋನ್ ಮಾಡಿರಿ.

• ಮುತ್ತು ಕಟ್ಟಿಸಿಕೊಂಡ ಅಕ್ಕಂದಿರು ತಪ್ಪು ಮಾಡಿದವರಲ್ಲ, ತಪ್ಪಿಗೆ ಗುರಿಯಾದವರು. ಅವರನ್ನು ಹೆಸರಿಟ್ಟು ಕರೆಯಬೇಡಿರಿ. ಸಂಘದಲ್ಲಿ ಸೇರಿಸಿಕೊಳ್ಳಿರಿ. ಮಾಸಾಶನ, ಮನೆ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ತುಂಬಲು ಜೊತೆಗೆ ಹೋಗಿರಿ. ಅವರ ಮಕ್ಕಳ ಜೊತೆ ಬೀಗತನ ಮಾಡಲು ಹಿಂಜರಿಯಬೇಡಿರಿ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಓಣಿಯಲ್ಲಿ “ದೇವರದು” ಅಂತ ನಡೆಯುವ ಬೇರೆ ಯಾವ ಪದ್ಧತಿಗೆ ಈ ನಾಲ್ಕು ಪ್ರಶ್ನೆ ಕೇಳಬೇಕು? ಬಾಲ್ಯವಿವಾಹ, ವಿಧವೆಯ ಬಳೆ ಒಡೆಯುವುದು, ಮುಟ್ಟಾದವಳನ್ನು ಹೊರಗೆ ಕೂಡಿಸುವುದು ಇವಕ್ಕೂ ಕೇಳಿ ನೋಡಿ.
2. ಒಂದು ಮನೆಯವರು ಮಾತ್ರ ರೂಢಿ ಬಿಟ್ಟರೆ ಅವರಿಗೆ ಏನು ಕಷ್ಟ ಬರುತ್ತದೆ? ಇಡೀ ಸಂಘ ಬಿಟ್ಟರೆ?
3. ಮುಂದಿನ ಹುಣ್ಣಿಮೆಯೊಳಗೆ ನಮ್ಮ ಸಂಘ ಮಾಡಬಹುದಾದ ಒಂದು ಕೆಲಸ ಯಾವುದು? ಯಾರು ಮಾಡುತ್ತಾರೆ? ನಡಾವಳಿ ಪುಸ್ತಕದಲ್ಲಿ ಹೆಸರು ಸಮೇತ ಬರೆಯಿರಿ.

ಹನಿ ಹನಿ ಕೂಡಿದರೆ ಹಳ್ಳ ಅಂತ ಉಳಿತಾಯಕ್ಕೆ ಹೇಳುತ್ತೇವೆ. ಧೈರ್ಯಕ್ಕೂ ಅದೇ ಮಾತು.