ಹೆಣ್ಣುಮಕ್ಕಳಿರುವ ಮನೆಯಲ್ಲಿ ಮತ್ತೊಂದು ಕೂಸಿನ ನಿರೀಕ್ಷಣೆ

ಓದತಕ್ಕ ಭಾಗಗಳು: ಆದಿಕಾಂಡ 29:31ರಿಂದ 30:21ರ ವರೆಗೆ, ಅರಣ್ಯಕಾಂಡ 27:1–11, ಮಾರ್ಕ 5:21–43.



ಈ ತಿಂಗಳಿನ ಪಾಠವನ್ನು ನಾವು ಗ್ರಂಥದಿಂದ ಆರಂಭಿಸದೆ ಒಂದು ಮನೆಯಿಂದ ಆರಂಭಿಸುತ್ತೇವೆ. ಹತ್ತಿ ಬಿಡಿಸುವ ಕಾಲದಲ್ಲಿ ಶಹಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಸಭೆಯವರ ಮನೆಗಳನ್ನು ಸಂದರ್ಶಿಸುತ್ತಾ ಹೋದಾಗ ಸಾಯಂಕಾಲ ಒಂದು ಮನೆಯಲ್ಲಿ ಕೂತೆವು. ಯಜಮಾನನು ಗದ್ದೆಗೆ ನೀರು ಕಟ್ಟುವದಕ್ಕೆ ಹೋಗಿದ್ದನು. ಅವನ ಹೆಂಡತಿಯು ಏಳು ತಿಂಗಳ ಗರ್ಭಿಣಿಯಾಗಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಿರಿಯ ಮಗಳಿಗೆ ಏಳು ವರುಷ. ಕಿರಿಯವಳಿಗೆ ಮೂರು ತುಂಬಿರಲಿಲ್ಲ. ಅಜ್ಜಿಯು ಕಂಬಳಿ ಹಾಸಿ, ಕುಡಿಯುವದಕ್ಕೆ ನೀರು ಕೊಟ್ಟು, “ಅಯ್ನೋರ, ಎರಡೂ ಹೆಣ್ಣೇ ಆಗ್ಯಾವ. ಇದಾದರೂ ಗಂಡಾಗಲಿ ಅಂತ ಪ್ರಾರ್ಥನಿ ಮಾಡ್ರಿ” ಎಂದಳು. ನಾವು ಕಣ್ಣು ಮುಚ್ಚಿ, ಗಟ್ಟಿಯಾದ ಸ್ವರದಿಂದ, ಹಾಗೆಯೇ ಪ್ರಾರ್ಥಿಸಿದೆವು.

ಎರಡು ವಾರಗಳಾದ ಮೇಲೆ ಪುನಃ ಆ ಮನೆಗೆ ಹೋದಾಗ ರಾತ್ರಿಯ ಕುಟುಂಬಪ್ರಾರ್ಥನೆಯ ಹೊತ್ತಾಗಿತ್ತು. ಹಿರಿಯ ಹುಡುಗಿಯು ತನ್ನ ಸರದಿ ಬಂದಾಗ ಕೈ ಜೋಡಿಸಿ, “ದೇವರೇ, ನಮಗ ತಮ್ಮನ್ನ ಕೊಡು. ತಂಗಿ ಬಂದ್ರ ನಮ್ಮವ್ವನ್ನ ಬೈತಾರ” ಎಂದು ಬೇಡಿಕೊಂಡಳು. ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಆ ಮಾತನ್ನು ಅವಳಿಗೆ ಕಲಿಸಿದವರಲ್ಲಿ ನಾವೂ ಸೇರಿದ್ದೇವೆಂಬದು ನಮಗೆ ಆ ಕ್ಷಣದಲ್ಲಿಯೇ ತಿಳಿದುಬಂತು.

ಈ ಕಾರಣದಿಂದಲೇ ಈ ಪಾಠವನ್ನು ಬರೆಯುತ್ತೇವೆ. ಬಸುರಿಯ ಆರೈಕೆಯನ್ನು ಕುರಿತು ನಾವು ಬಹಳ ಸಾರಿ ಕೇಳಿದ್ದೇವೆ. ಆದರೆ ಆಕೆಯ ಸುತ್ತಲೂ ಆಡುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುವ ಹೆಣ್ಣುಕೂಸುಗಳನ್ನು ಕುರಿತು ಸಭೆಯಲ್ಲಿ ಯಾರೂ ಮಾತಾಡುವದಿಲ್ಲ.

ಆದಿಕಾಂಡದಲ್ಲಿ ಲೇಯಳ ಕಥೆಯನ್ನು ಓದಿ ನೋಡಿರಿ. ಗಂಡನ ಪ್ರೀತಿಯನ್ನು ಕಾಣದ ಆ ಹೆಂಗಸು ಗಂಡುಮಗು ಹುಟ್ಟಿದಾಗ ಒಂದಕ್ಕಿಂತ ಹೆಚ್ಚು ಸಾರಿ ಇನ್ನಾದರೂ ಯಾಕೋಬನು ತನ್ನನ್ನು ಪ್ರೀತಿಸುವನೆಂದು ಆಶಿಸಿ, ಆ ಆಶೆಯನ್ನೇ ಮಗನಿಗೆ ಹೆಸರಾಗಿ ಇಟ್ಟಳು. ಆರು ಮಂದಿ ಗಂಡುಮಕ್ಕಳಾದರು. ಪ್ರೀತಿ ಬಂತೋ? ಮೂವತ್ತಮೂರನೆಯ ಅಧ್ಯಾಯದಲ್ಲಿ, ಏಸಾವನು ಎದುರಿಗೆ ಬರುವಾಗ ಯಾಕೋಬನು ಲೇಯಳನ್ನೂ ಆಕೆಯ ಮಕ್ಕಳನ್ನೂ ಮುಂದೆ ಮಾಡಿ, ರಾಹೇಲಳನ್ನು ಎಲ್ಲರ ಹಿಂದೆ ಭದ್ರವಾಗಿ ಇರಿಸಿದನು. ಆರು ಗಂಡುಮಕ್ಕಳ ತಾಯಿಗೆ ದೊರಕಿದ ಸ್ಥಾನವು ಅದು. ಗಂಡಾದರೆ ಮನೆಯಲ್ಲಿ ಸೊಸೆಗೆ ಮಾನ ಬರುವದೆಂದು ಹೇಳುವವರು ಈ ಅಧ್ಯಾಯವನ್ನು ಸಾವಕಾಶವಾಗಿ ಓದಲಿ. ಮತ್ತೊಂದು ಸಂಗತಿಯುಂಟು. ಆರು ಗಂಡುಮಕ್ಕಳ ಹೆಸರುಗಳಿಗೂ ಅಲ್ಲಿ ಅರ್ಥ ಹೇಳಿದೆ. ತರುವಾಯ ಹುಟ್ಟಿದ ಮಗಳಿಗೆ ದೀನಾ ಎಂದು ಹೆಸರಿಟ್ಟಳೆಂದು ಮಾತ್ರ ಬರೆದಿದೆ, ಯಾಕೆಂದು ಹೇಳಿಲ್ಲ. ನಮ್ಮ ಸೀಮೆಯಲ್ಲಾದರೋ ಮೂರನೆಯ ಹೆಣ್ಣಿಗೆ ಸಾಕವ್ವನೆಂದು ಹೆಸರಿಡುವ ಮನೆಗಳಿವೆ. ಅದರ ಅರ್ಥವು ಯಾರಿಗೂ ಬಿಡಿಸಿ ಹೇಳಬೇಕಾದದ್ದಿಲ್ಲ. ಆ ಹುಡುಗಿಯನ್ನು ದಿನಕ್ಕೆ ಹತ್ತು ಸಾರಿ ಆ ಅರ್ಥದಿಂದಲೇ ಕರೆಯುತ್ತಾರೆ.

ಹಾಗಾದರೆ ಹನ್ನಳು ಗಂಡುಮಗುವನ್ನು ಬೇಡಿಕೊಳ್ಳಲಿಲ್ಲವೋ ಎಂದು ಕೆಲವರು ಕೇಳಬಹುದು. ಬೇಡಿಕೊಂಡಳು, ಅದು ಪಾಪವಲ್ಲ. ಆದರೆ ಆಗ ಆಕೆಗೆ ಒಂದು ಮಗುವೂ ಇರಲಿಲ್ಲ. ಆಕೆಯ ಮಾತನ್ನು ಕೇಳಿ ಕುಗ್ಗಿಹೋಗುವ ಹೆಣ್ಣುಮಕ್ಕಳು ಹತ್ತಿರದಲ್ಲಿ ಕೂತಿರಲಿಲ್ಲ. ಅದಲ್ಲದೆ ಆಕೆಯ ತುಟಿಗಳು ಮಾತ್ರ ಅಲ್ಲಾಡುತ್ತಿದ್ದವು, ಶಬ್ದವು ಕೇಳಿಸಲಿಲ್ಲ. ನಾವು ಕಂಬಳಿಯ ಮೇಲೆ ಕೂತು ಗಟ್ಟಿಯಾಗಿ ಪ್ರಾರ್ಥಿಸಿದ್ದಕ್ಕೂ ಆಕೆಯ ಪ್ರಾರ್ಥನೆಗೂ ಎಷ್ಟು ಭೇದ! ಮುಂದೆ ದೇವರು ಆಕೆಗೆ ಇನ್ನೂ ಮೂವರು ಗಂಡುಮಕ್ಕಳನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಅನುಗ್ರಹಿಸಿದನು.

ಇನ್ನು ಬೈಗಳ ವಿಷಯ. ಹೆಣ್ಣು ಹುಟ್ಟಿದರೆ ತಾಯಿಯನ್ನು ಬೈಯುವದು ಅನ್ಯಾಯ ಮಾತ್ರವಲ್ಲ, ಅಜ್ಞಾನವೂ ಆಗಿದೆ. 1905ರಲ್ಲಿ ಅಮೇರಿಕಾ ದೇಶದ ನೆಟ್ಟೀ ಸ್ಟೀವನ್ಸ್ ಎಂಬ ವಿದ್ವಾಂಸಿಯು ಹಿಟ್ಟಿನಲ್ಲಿ ಬೆಳೆಯುವ ಒಂದು ಜಾತಿಯ ಹುಳವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಗಂಡು ಹೆಣ್ಣೆಂಬ ಭೇದವು ಗಂಡಿನ ಬೀಜದಿಂದ ಉಂಟಾಗುತ್ತದೆಂದು ಕಂಡುಹಿಡಿದಳು. ಮನುಷ್ಯರಲ್ಲಿಯೂ ಹಾಗೆಯೇ. ತಾಯಿಯ ಅಂಡವು ಯಾವಾಗಲೂ ಒಂದೇ ವಿಧದ್ದು; ತಂದೆಯ ಬೀಜವು ಎರಡು ವಿಧದ್ದು; ಅವುಗಳಲ್ಲಿ ಯಾವದು ಕೂಡುವದೋ ಅದರ ಪ್ರಕಾರ ಗಂಡಾಗಲಿ ಹೆಣ್ಣಾಗಲಿ ಆಗುತ್ತದೆ. ಜೋಳ ಬಿತ್ತಿದ ಹೊಲದಲ್ಲಿ ತೊಗರಿ ಯಾಕೆ ಬರಲಿಲ್ಲವೆಂದು ಹೊಲವನ್ನು ಬೈಯುವ ಒಕ್ಕಲಿಗನುಂಟೋ? ಹಾಗೆಂದು ತಂದೆಯನ್ನೂ ಬೈಯತಕ್ಕದ್ದಲ್ಲ, ಯಾಕಂದರೆ ಇದು ಅವನ ಕೈಯಲ್ಲಿಲ್ಲ. ಗಂಡಾಗುವದಕ್ಕೆ ಬೇರು ಕೊಡುತ್ತೇವೆ, ಪುಡಿ ಕೊಡುತ್ತೇವೆ ಎಂದು ಹೇಳಿಕೊಂಡು ಬರುವವರು ಹಣವನ್ನು ಅಪಹರಿಸುವದಲ್ಲದೆ ತಾಯಿಗೂ ಕೂಸಿಗೂ ಕೇಡು ಮಾಡಾರು. ಅಂಥವರನ್ನು ಹೊಸ್ತಿಲು ದಾಟಗೊಡಬೇಡಿರಿ. ಗರ್ಭದಲ್ಲಿರುವದು ಗಂಡೋ ಹೆಣ್ಣೋ ಎಂದು ಯಂತ್ರದಿಂದ ನೋಡಿ ಹೇಳುವದನ್ನು 1994ರ ಕಾಯಿದೆಯು ಅಪರಾಧವೆಂದು ನಿಷೇಧಿಸಿದೆ.

ಈಗ ಮನೆಯ ಕೆಲಸಕ್ಕೆ ಬರೋಣ. ಇದೇ ಈ ಪಾಠದ ಮುಖ್ಯ ಭಾಗವು. ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಯ ನೀರು ಕಾಲುವೆಗಳಲ್ಲಿ ಬಂದ ಮೇಲೆ ಸುರಪುರ ಶಹಾಪುರಗಳ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಬೆಳೆ ಹೆಚ್ಚಿತು, ಅದರೊಡನೆ ನಾಟಿ ಹಚ್ಚುವ, ಕಳೆ ತೆಗೆಯುವ, ಹತ್ತಿ ಬಿಡಿಸುವ ಹೆಂಗಸರ ದುಡಿಮೆಯೂ ಹೆಚ್ಚಿತು. ಬಸುರಿಯಾದವಳು ತುಂಬಿದ ಕೊಡ ಹೊರಬಾರದು, ಹತ್ತಿಯ ಗಂಟು ಎತ್ತಬಾರದು ಎಂದು ಎಲ್ಲರೂ ಬಲ್ಲರು. ಒಳ್ಳೇದು, ಹಾಗಾದರೆ ಆ ಕೊಡವನ್ನು ಯಾರು ಹೊರುತ್ತಾರೆ? ನಾವು ಮನೆಮನೆಗಳಲ್ಲಿ ಕಂಡದ್ದೇನಂದರೆ, ತಾಯಿಯ ತಲೆಯಿಂದ ಇಳಿದ ಕೊಡವು ತಂದೆಯ ಹೆಗಲಿಗೆ ಹೋಗುವದಿಲ್ಲ, ಏಳೆಂಟು ವರುಷದ ಮಗಳ ಸೊಂಟಕ್ಕೆ ಬರುತ್ತದೆ. ಅವಳು ಬೆಳಿಗ್ಗೆ ಬೋರಿಂಗಿನಿಂದ ನೀರು ತರುತ್ತಾಳೆ, ಕಸ ಗುಡಿಸುತ್ತಾಳೆ, ಕಿರಿಯವಳನ್ನು ಎತ್ತಿಕೊಂಡು ತಿರುಗುತ್ತಾಳೆ. ಶಾಲೆಯ ಗಂಟೆ ಬಾರಿಸುವಾಗ ಅವಳ ಕೈಯಲ್ಲಿ ಪಾಟಿಯಿಲ್ಲ, ಕೂಸಿದೆ. ಹೆರಿಗೆಯಾಗುವ ತನಕ ಎಂದು ಶಾಲೆ ಬಿಡಿಸಿದವಳು ಬಾಣಂತನ ಮುಗಿದರೂ ತಿರಿಗಿ ಹೋಗುವದಿಲ್ಲ, ಯಾಕಂದರೆ ಅಷ್ಟರಲ್ಲಿ ತೊಟ್ಟಿಲಲ್ಲಿ ಮತ್ತೊಬ್ಬರು ಬಂದಿದ್ದಾರೆ. 2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯು ಅಕ್ಷರ ಬಲ್ಲವರ ಲೆಕ್ಕದಲ್ಲಿ ಕರ್ನಾಟಕದಲ್ಲಿಯೇ ಕಡೆಯದಾಗಿತ್ತು. ಏಳು ವರುಷಕ್ಕೆ ಮೇಲ್ಪಟ್ಟವರಲ್ಲಿ ನೂರಕ್ಕೆ ಸುಮಾರು 52 ಮಂದಿ ಮಾತ್ರ ಓದಬಲ್ಲವರಾಗಿದ್ದರು, ಹೆಂಗಸರ ಲೆಕ್ಕವು ಅದಕ್ಕಿಂತಲೂ ಕಡಿಮೆ. ಅದಕ್ಕೆ ಕಾರಣಗಳು ಅನೇಕ, ಆದರೆ ಈ ಕೊಡವೂ ಈ ತೊಟ್ಟಿಲೂ ಅವುಗಳಲ್ಲಿ ಸೇರಿವೆ.

ಒಂದು ಸಭೆಯಲ್ಲಿ ಇದನ್ನು ಹೇಳಿದಾಗ ಒಬ್ಬ ಹಿರಿಯರು ಎದ್ದು, ಮೋಶೆಯ ಅಕ್ಕನು ತಮ್ಮನನ್ನು ಕಾಯಲಿಲ್ಲವೋ ಎಂದು ಕೇಳಿದರು. ಪ್ರಶ್ನೆ ಒಳ್ಳೇದೇ. ವಿಮೋಚನಕಾಂಡದ ಎರಡನೆಯ ಅಧ್ಯಾಯವನ್ನು ತೆಗೆದು ಓದಿದೆವು. ಆ ಹುಡುಗಿಯು ಪೆಟ್ಟಿಗೆಗೆ ಏನಾಗುವದೋ ಎಂದು ದೂರದಲ್ಲಿ ನಿಂತು ನೋಡಿದಳು, ಫರೋಹನ ಮಗಳ ಸಂಗಡ ಬುದ್ಧಿವಂತಿಕೆಯಿಂದ ಮಾತಾಡಿದಳು, ತಾಯಿಯನ್ನು ಕರಕೊಂಡು ಬಂದಳು. ಕೂಸನ್ನು ಸಾಕುವ ಕೆಲಸವು ಪುನಃ ತಾಯಿಯ ಕೈಗೇ ಬಂತು, ಅದಕ್ಕೆ ಸಂಬಳವೂ ದೊರಕಿತು. ಮಗಳು ಒಂದು ಗಳಿಗೆ ಕೂಸನ್ನು ನೋಡಿಕೊಂಡರೆ ತಪ್ಪಿಲ್ಲ, ಅದರಿಂದ ಅವಳಿಗೆ ಸಂತೋಷವೇ ಆಗುವದು. ಅವಳನ್ನು ತಾಯಿಯ ಸ್ಥಾನದಲ್ಲಿಯೇ ನಿಲ್ಲಿಸುವದು ತಪ್ಪು. ತಂದೆಗಳೇ, ನೀರು ತರುವದೂ ಕಟ್ಟಿಗೆ ಒಡೆಯುವದೂ ಈ ಕೆಲವು ತಿಂಗಳು ನಿಮ್ಮ ಕೆಲಸವಾಗಲಿ. ಊರವರು ನಕ್ಕಾರು, ನಗಲಿ. ದುಡಿಯುವದಕ್ಕೆ ಬೆಂಗಳೂರಿಗೋ ಮುಂಬಯಿಗೋ ಹೋಗುವ ಕುಟುಂಬಗಳು, ಹೆರಿಗೆಯ ತಿಂಗಳಾದರೂ ಹೆಂಡತಿಮಕ್ಕಳು ಊರಲ್ಲಿ ಇರುವಂತೆ ಮುಂಚಿತವಾಗಿ ಯೋಚಿಸಲಿ.

ಊಟದ ಮಾತು. ಯಾಯೀರನ ಹನ್ನೆರಡು ವರುಷದ ಮಗಳನ್ನು ಸ್ವಾಮಿಯು ಕೈ ಹಿಡಿದು ಎಬ್ಬಿಸಿದನಷ್ಟೆ. ಎಲ್ಲರೂ ಬೆರಗಾಗಿ ನಿಂತಿರುವಾಗ ಆತನು ನೆನಪಿಟ್ಟು ಹೇಳಿದ್ದೇನು? ಅವಳಿಗೆ ತಿನ್ನುವದಕ್ಕೆ ಏನಾದರೂ ಕೊಡಬೇಕೆಂದು ಅಪ್ಪಣೆಕೊಟ್ಟನು. ಅಷ್ಟು ದೊಡ್ಡ ಮಹತ್ಕಾರ್ಯವನ್ನು ಮಾಡಿದ ಕರ್ತನು ಒಬ್ಬ ಹುಡುಗಿಯ ಹಸಿವನ್ನು ಮರೆಯಲಿಲ್ಲ. ನಮ್ಮ ಮನೆಗಳಲ್ಲಿ ಗಂಡಸರು ಉಂಡ ಮೇಲೆ ಗಂಡುಮಕ್ಕಳು, ತರುವಾಯ ಹೆಣ್ಣುಮಕ್ಕಳು, ಕಟ್ಟಕಡೆಗೆ ಬಸುರಿ; ಅಷ್ಟರಲ್ಲಿ ಬುಟ್ಟಿಯಲ್ಲಿ ರೊಟ್ಟಿ ಇದ್ದರೂ ಗಡಿಗೆಯಲ್ಲಿ ಬೇಳೆ ಇರುವದಿಲ್ಲ. ಇದನ್ನು ತಿರುಗಿಸಿರಿ. ಬಸುರಿಯೂ ಮಕ್ಕಳೂ ಮೊದಲು ಕೂತು ತೊಗರಿಬೇಳೆ, ಪುಂಡಿಪಲ್ಯ, ಶೇಂಗಾಹಿಂಡಿ, ದೊರೆತರೆ ಹಾಲು ಮೊಟ್ಟೆ ಇವುಗಳೊಡನೆ ಹೊಟ್ಟೆ ತುಂಬ ಉಣ್ಣಲಿ. ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುವದೆಂದು ಬಸುರಿಯ ಅನ್ನಕ್ಕೆ ಅಳತೆ ಹಾಕುವ ಅತ್ತೆಯಂದಿರಿದ್ದಾರೆ. ಅವರ ಭಯವು ಪ್ರೀತಿಯಿಂದಲೇ ಹುಟ್ಟಿರಬಹುದು, ಆದರೆ ಅರೆಹೊಟ್ಟೆಯ ತಾಯಿಗೆ ರಕ್ತ ಕಡಿಮೆಯಾಗಿ ಹೆರಿಗೆಯಲ್ಲಿ ಅಪಾಯವು ಹೆಚ್ಚುತ್ತದೆ. ಆಶಾ ಕಾರ್ಯಕರ್ತೆಯು ಕೊಡುವ ಕಬ್ಬಿಣಸತ್ವದ ಗುಳಿಗೆಗಳನ್ನು ಗೂಡಿನಲ್ಲಿ ಇಟ್ಟು ಮರೆಯಬೇಡಿರಿ. ಅವುಗಳನ್ನು ಚಹದೊಡನೆ ನುಂಗಿದರೆ ಸತ್ವವು ಮೈಗೆ ಹತ್ತುವದಿಲ್ಲ, ನೀರಿನೊಡನೆ ನುಂಗಬೇಕು. ಅಂಗನವಾಡಿಯಲ್ಲಿ ಬಸುರಿಬಾಣಂತಿಯರಿಗೆ ಬಿಸಿ ಊಟ ಕೊಡುವ ಮಾತೃಪೂರ್ಣ ಎಂಬ ಏರ್ಪಾಡು 2017ರಲ್ಲಿ ಆರಂಭವಾಯಿತು. ನಮ್ಮ ಭಾಗದ ಶಾಲೆಗಳಲ್ಲಿ 2021ರ ದಶಂಬರದಿಂದ ಮಕ್ಕಳ ಮಧ್ಯಾಹ್ನದ ಊಟಕ್ಕೆ ಮೊಟ್ಟೆಯೂ ಸೇರಿತು. ಕೂಸನ್ನು ಎತ್ತಿಕೊಂಡು ಮನೆಯಲ್ಲಿ ನಿಂತ ಹುಡುಗಿಯು ಪಾಠವನ್ನು ಮಾತ್ರವಲ್ಲ, ಆ ಮೊಟ್ಟೆಯನ್ನೂ ಕಳಕೊಳ್ಳುತ್ತಾಳೆ.

ಕಿರಿಯ ಮಗುವಿನ ಸಂಕಟವು ಬೇರೆ. ನಿನ್ನೆಯ ವರೆಗೆ ತಾಯಿಯ ತೊಡೆಯು ಅವಳದ್ದಾಗಿತ್ತು. ಈಗ ಅದು ತನಗೆ ಯಾಕೆ ದೊರೆಯುವದಿಲ್ಲವೆಂದು ಅವಳಿಗೆ ತಿಳಿಯದು. ಅಳುತ್ತಾಳೆ, ಹಟ ಮಾಡುತ್ತಾಳೆ, ಬಿಟ್ಟಿದ್ದ ಅಭ್ಯಾಸವನ್ನು ಹಿಡಿದು ಹಾಸಿಗೆಯನ್ನು ತೋಯಿಸುತ್ತಾಳೆ. ಇದಕ್ಕಾಗಿ ಹೊಡೆಯಬೇಡಿರಿ. ತಮ್ಮ ಬಂದ ಮೇಲೆ ನಿನ್ನನ್ನು ಯಾರೂ ಎತ್ತಿಕೊಳ್ಳುವದಿಲ್ಲವೆಂದು ನೆರೆಹೊರೆಯವರು ನಗೆಯಾಡುವದುಂಟು. ನಮಗೆ ನಗೆ, ಅವಳಿಗೆ ಅದು ನಿಜ. ಹೆರಿಗೆಗೆ ಎರಡು ಮೂರು ತಿಂಗಳು ಮುಂಚಿನಿಂದಲೇ ತಂದೆಯು ರಾತ್ರಿ ಅವಳನ್ನು ತನ್ನ ಬಳಿಯಲ್ಲಿ ಮಲಗಿಸಿಕೊಳ್ಳಲಿ, ತನ್ನ ಕೈಯಿಂದ ಉಣ್ಣಿಸಲಿ. ಆಗ ತಾಯಿಯು ಆಸ್ಪತ್ರೆಗೆ ಹೋದ ರಾತ್ರಿ ಅವಳು ಒಬ್ಬಂಟಿಯಾಗುವದಿಲ್ಲ. ಒಳಗಿನ ಕೂಸು ಮಿಸುಕಾಡುವಾಗ ಇಬ್ಬರು ಹುಡುಗಿಯರ ಕೈಗಳನ್ನೂ ತಾಯಿಯ ಹೊಟ್ಟೆಯ ಮೇಲೆ ಇರಿಸಿ, ಇಲ್ಲಿ ನಿಮ್ಮ ತಂಗಿಯೋ ತಮ್ಮನೋ ಇದ್ದಾರೆಂದು ಹೇಳಿರಿ. ತಂಗಿ ಎಂಬ ಶಬ್ದವನ್ನು ಮೊದಲು ಹೇಳಿರಿ. ಕುಬಸದ ದಿವಸ ತಾಯಿಗೆ ಹೂ ಮುಡಿಸಿ ಹೊಸ ಸೀರೆ ಉಡಿಸುವಾಗ ಈ ಹುಡುಗಿಯರನ್ನು ಮೂಲೆಗೆ ಅಟ್ಟದೆ ಆಕೆಯ ಎರಡು ಪಕ್ಕಗಳಲ್ಲಿ ಕೂಡ್ರಿಸಿರಿ.

ಹೆರಿಗೆಯನ್ನು ಕುರಿತು ಎರಡೇ ಮಾತು. ಹಿಂದಿನ ಎರಡು ಹೆರಿಗೆಗಳು ಮನೆಯಲ್ಲಿ ಸುಖವಾಗಿ ಆದವೆಂದು ಮೂರನೆಯದೂ ಹಾಗೆಯೇ ಆಗುವದೆಂಬ ನಿಶ್ಚಯವಿಲ್ಲ; ಎರಡನೆಯ ಮಗುವಿನ ಹೆರಿಗೆಯಲ್ಲಿಯೇ ರಾಹೇಲಳು ದಾರಿಯಲ್ಲಿ ತೀರಿಹೋದಳು. ತಾಯಿ ಕಾರ್ಡು ಮಾಡಿಸಿ ತಪ್ಪದೆ ಪರೀಕ್ಷೆಗೆ ಹೋಗಿರಿ, ನೋವು ಕಾಣಿಸಿದ ಕೂಡಲೆ 108ಕ್ಕೆ ಕರೆಮಾಡಿರಿ. ಇಂಥ ಕಾಲದಲ್ಲಿ ಗಂಡಸು ವೈದ್ಯನು ಮುಟ್ಟಬಾರದೆಂದು ಮನೆಯವರು ಹಟ ಹಿಡಿದದ್ದರಿಂದ ಒಂದೇ ರಾತ್ರಿ ಮೂವರು ಎಳೆಯ ಹೆಂಗಸರು ಸತ್ತದ್ದನ್ನು ನೋಡಿಯೇ ಐಡಾ ಸ್ಕಡ್ಡರ್ ಎಂಬಾಕೆಯು ತಾನೇ ವೈದ್ಯಳಾಗಿ, 1918ರಲ್ಲಿ ವೇಲೂರಿನಲ್ಲಿ ಹೆಂಗಸರಿಗೆ ವೈದ್ಯಶಾಲೆಯನ್ನು ತೆರೆದಳು. ಹೆತ್ತ ಮೇಲೆ ಮುಂದಿನ ಬಸುರಿಗೆ ಎರಡು ವರುಷವಾದರೂ ಅವಕಾಶ ಕೊಡಬೇಕೆಂದು ವೈದ್ಯರು ಹೇಳುತ್ತಾರೆ. ಈ ಮಾತನ್ನು ಗಂಡಹೆಂಡಿರು ಇಬ್ಬರೂ ಕೂಡಿ ಕೇಳಿಕೊಳ್ಳಬೇಕು. ಹೆಂಡತಿಯೊಬ್ಬಳಿಗೇ ಹೇಳಿ ಪ್ರಯೋಜನವಿಲ್ಲ.

ಗಂಡು ಬೇಕೆಂಬುವವರ ಕೊನೆಯ ಆಧಾರವು ಹೊಲ. ಗಂಡಿಲ್ಲದಿದ್ದರೆ ಹೊಲ ಯಾರಿಗೆ? ಈ ಪ್ರಶ್ನೆಯು ಹೊಸದಲ್ಲ. ಗಂಡುಮಕ್ಕಳಿಲ್ಲದೆ ಸತ್ತ ಚಲ್ಪಹಾದನ ಐದು ಮಂದಿ ಹೆಣ್ಣುಮಕ್ಕಳಾದ ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬವರು ಸಮಸ್ತ ಸಭೆಯ ಮುಂದೆ ನಿಂತು ತಂದೆಯ ಭೂಮಿಯನ್ನು ಕೇಳಿದರು. ಮೋಶೆಯು ತಾನಾಗಿ ತೀರ್ಪು ಹೇಳಲಾರದೆ ದೇವರ ಮುಂದೆ ಇಟ್ಟಾಗ, ಅವರು ಕೇಳಿದ್ದು ನ್ಯಾಯವೆಂದು ಉತ್ತರವಾಯಿತು. ನಮ್ಮ ದೇಶದಲ್ಲಿ ಕ್ರೈಸ್ತರಿಗೆ ಅನ್ವಯಿಸುವ 1925ರ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಮರಣಪತ್ರ ಬರೆಯದೆ ಸತ್ತವನ ಆಸ್ತಿಯಲ್ಲಿ ವಿಧವೆಗೆ ಮೂರರಲ್ಲಿ ಒಂದು ಪಾಲು ಹೋಗಿ, ಉಳಿದದ್ದು ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲಾ ಮಕ್ಕಳಿಗೂ ಸಮವಾಗಿ ಬರುತ್ತದೆ. ಹಿಂದೂ ಕುಟುಂಬಗಳಲ್ಲಿಯೂ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕುಂಟು. ಆದಕಾರಣ ಹೊಲಕ್ಕೆ ವಾರಸುದಾರರಿಲ್ಲವೆಂದು ಅಳುವ ತಂದೆಯ ಮನೆಯಲ್ಲಿ ಇಬ್ಬರು ವಾರಸುದಾರರು ಆಗಲೇ ಕಲ್ಲಾಟ ಆಡುತ್ತಿರುತ್ತಾರೆ.

ನಾವು ಮೊದಲು ಹೇಳಿದ ಮನೆಗೆ ಮೂರನೆಯ ಸಾರಿ ಹೋದಾಗ, ಹಿಂದೆ ಮಾಡಿದ ಪ್ರಾರ್ಥನೆಯು ಸರಿಯಾದದ್ದಲ್ಲವೆಂದು ಎಲ್ಲರ ಮುಂದೆಯೂ ಒಪ್ಪಿಕೊಂಡೆವು. ಅಜ್ಜಿಗೆ ಅದು ಹಿಡಿಸಲಿಲ್ಲ. ಆಮೇಲೆ ಇಬ್ಬರು ಹುಡುಗಿಯರನ್ನೂ ಹತ್ತಿರ ಕರೆದು, ಅವರ ಹೆಸರುಗಳನ್ನು ಎತ್ತಿ, ಅವರಿಗಾಗಿ ದೇವರನ್ನು ಸ್ತುತಿಸಿ, ಬರುವ ಕೂಸೂ ಅದನ್ನು ಹೆರುವ ತಾಯಿಯೂ ಕ್ಷೇಮವಾಗಿರಲಿ ಎಂದಷ್ಟೇ ಬೇಡಿಕೊಂಡೆವು. ಯಜಮಾನನು ಆಮೆನ್ ಎಂದನು.

ಮೂರನೆಯದೂ ಹೆಣ್ಣಾಯಿತು. ಅಜ್ಜಿಯು ಮೂರು ದಿವಸ ಯಾರ ಸಂಗಡಲೂ ಸರಿಯಾಗಿ ಮಾತಾಡಲಿಲ್ಲವಂತೆ. ನಾಲ್ಕನೆಯ ದಿವಸ ಬೆಳಿಗ್ಗೆ ಯಾರೂ ಹೇಳದೆಯೇ ತಾನೇ ಎದ್ದು ಒಲೆ ಹೊತ್ತಿಸಿ, ಕೂಸಿಗೆ ಎರೆಯುವದಕ್ಕೆ ನೀರು ಕಾಯಿಸಿ, ಹಿರಿಯ ಮೊಮ್ಮಗಳನ್ನು ಶಾಲೆಗೆ ಹೊತ್ತಾಯಿತೆಂದು ಎಬ್ಬಿಸಿದಳೆಂದು ಆ ಊರಿನ ಉಪದೇಶಿಯು ನಮಗೆ ತಿಳಿಸಿದ್ದಾರೆ.